ಗ್ರೀನ್ ಕಾರ್ಡಿನ ಬೆನ್ನಿಗೇ ಬಂದ ಕಾಗದ

ನಮ್ಮ ಕಡೆ ಅರ್ಜಿ ತುಂಬುವವರು ಒಬ್ಬರು, ಸಹಿ ಮಾಡುವವರು ಇನ್ನೊಬ್ಬರು. ತಹಶೀಲ್ ಕಚೇರಿ ಮುಂದೆ ಟೇಬಲ್ ಹಾಕಿಕೊಂಡು ಕೂತವರು, ಝೆರಾಕ್ಸ್ ಅಂಗಡಿಯ ಹುಡುಗ, ಊರಿನ ಮಾಸ್ತರು ಬರೆದುಕೊಡುತ್ತಾರೆ. ಯಾರ ಹೆಸರಿನ ಕಾಗದವೋ ಅವರು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾರೆ, ಇಲ್ಲವೇ ಹೆಬ್ಬೆಟ್ಟು ಒತ್ತುತ್ತಾರೆ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52%. ಇಡೀ ರಾಜ್ಯದಲ್ಲೇ ಕಡಿಮೆ. ಹೀಗಾಗಿ ಪತ್ರಿಕೋದ್ಯಮ ಓದಿ ಊರಿಗೆ ಬಂದ ನಮ್ಮ ಪಾಲಿಗೂ ಈ ಕೆಲಸ ಬಂದಿದೆ. ನಾವು ಮೂವರು: ಒಬ್ಬರು ಯಾದಗಿರಿಯವರು, ಒಬ್ಬರು ಶಹಾಪುರದವರು, ಒಬ್ಬರು ಸುರಪುರದವರು. ಬರೆದ ಸುದ್ದಿಗಿಂತ ಓದಿ ಹೇಳಿದ ಕಾಗದಗಳೇ ಹೆಚ್ಚು. ವಿಧವಾ ಪಿಂಚಣಿ, ಪಹಣಿ ತಿದ್ದುಪಡಿ, ಬ್ಯಾಂಕಿನ ನೋಟಿಸು.

ಹೀಗೆ ಬಂದ ಕಾಗದಗಳಲ್ಲಿ ಒಂದು ಮಾತ್ರ ಅಮೆರಿಕದ್ದು. ಶಹಾಪುರದ ನಿವೃತ್ತ ಮಾಸ್ತರೊಬ್ಬರ ಮಗ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಸಿದ್ದಾರೆ. ಹೋಗುವಾಗ ಮೊಮ್ಮಗ ಕೈಗೂಸು, ಈಗ 19ರ ಹುಡುಗ. ಇಷ್ಟು ವರ್ಷ ಕಾದ ಮೇಲೆ ಮನೆಮಂದಿಗೆಲ್ಲ ಗ್ರೀನ್ ಕಾರ್ಡ್ ಸಿಕ್ಕಿತ್ತು. ಹುಡುಗನಿಗೆ 21 ತುಂಬುವ ಮೊದಲೇ ಸಿಕ್ಕಿದ್ದು ದೊಡ್ಡ ಸಮಾಧಾನ. ತಡವಾಗಿದ್ದರೆ ಅಪ್ಪನ ಅರ್ಜಿಯ ಆಸರೆ ತಪ್ಪಿ ಅವನು ಬೇರೆ ದಾರಿ ಹುಡುಕಬೇಕಾಗುತ್ತಿತ್ತು. ಆ ಖುಷಿಯ ಬೆನ್ನಿಗೇ ಈ ಕಾಗದ. ಮೇಲೆ 'ಸೆಲೆಕ್ಟಿವ್ ಸರ್ವಿಸ್' ಎಂದಿತ್ತು. ವಾಟ್ಸ್‌ಆ್ಯಪಿನಲ್ಲಿ ಬಂದ ಅದರ ಫೋಟೋ ಹಿಡಿದು ಮಾಸ್ತರು ಡಿಕ್ಷನರಿ ತೆಗೆದಿದ್ದರು. ಆರಿಸುವುದು, ಸೇವೆ. ಅಂದರೆ ಆರಿಸಿ ಸೇವೆಗೆ ಹಾಕುವುದು. ಮಗನಿಗೆ ಫೋನ್ ಮಾಡಿದರೆ "ಏನಿಲ್ಲಪಾ, ಸುಮ್ನ ಒಂದು ಫಾರ್ಮು" ಎಂಬ ಉತ್ತರ. ಸುಮ್ಮನೆ ಒಂದು ಫಾರ್ಮು ಅಂದರೆ ನಂಬುವ ಸೀಮೆ ನಮ್ಮದಲ್ಲ.

ಅಜ್ಜಿ ನಮ್ಮನ್ನು ಕರೆಸಿದರು. "ಕಾರ್ಡ್ ಬಂತಂತ ಓಣಿಗೆಲ್ಲ ಪೇಢೆ ಹಂಚೀವಿ. ಈಗ ನೋಡಿದ್ರ ಮಿಲಿಟರಿ ಕಾಗದ ಬಂದದ ಅಂತಾರ. ಹುಡುಗನ್ನ ಒಯ್ತಾರೇನು, ಖರೇ ಹೇಳ್ರಿ ತಮ್ಮಾ."

ನಾವು ಎರಡು ಸಂಜೆ ಕೂತು ಓದಿದೆವು. ಓದಿದ್ದನ್ನು ಅಜ್ಜಿಗೆ ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇವೆ. ಇಂಥ ಕಾಗದ ನೋಡಿ ಗಾಬರಿಯಾಗುವ ಮನೆ ಅದೊಂದೇ ಇರಲಾರದು.

ಅಮೆರಿಕದಲ್ಲಿ 18ರಿಂದ 25 ವರ್ಷದೊಳಗಿನ ಗಂಡುಮಕ್ಕಳು ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ ಇರಬೇಕೆಂಬುದು ಕಾನೂನು. ಮುಂದೆ ದೊಡ್ಡ ಯುದ್ಧ ಬಂದು ಸ್ವಯಂಪ್ರೇರಿತ ಸೈನಿಕರು ಸಾಲದಾದರೆ ಯಾರನ್ನು ಕರೆಯಬಹುದು ಎಂದು ಮೊದಲೇ ಬರೆದಿಟ್ಟುಕೊಳ್ಳುವ ಪಟ್ಟಿ ಇದು. ಪ್ರಜೆಗಳಿಗೆ ಮಾತ್ರ ಎಂದುಕೊಂಡರೆ ತಪ್ಪು. ಗ್ರೀನ್ ಕಾರ್ಡ್ ಉಳ್ಳವರು, ನಿರಾಶ್ರಿತರು, ಕಾಗದಪತ್ರವಿಲ್ಲದೆ ಇರುವವರು ಕೂಡ ಇದರೊಳಗೆ ಬರುತ್ತಾರೆ. 18 ತುಂಬಿದ 30 ದಿನದೊಳಗೆ ಹೆಸರು ಕೊಡಬೇಕು. 18 ದಾಟಿದ ಮೇಲೆ ವಲಸೆ ಬಂದವರಿಗೆ ಬಂದ ದಿನದಿಂದ 30 ದಿನ. ಹೆಣ್ಣುಮಕ್ಕಳಿಗೆ ಈ ನಿಯಮವಿಲ್ಲ.

ಹಾಗಾದರೆ 18 ತುಂಬಿದಾಗ ಈ ಹುಡುಗನಿಗೆ ಯಾಕೆ ಬರಲಿಲ್ಲ? ಆಗ ಅವನು ಅಪ್ಪನ ಎಚ್-1ಬಿ ವೀಸಾದ ನೆರಳಿನಲ್ಲಿ ಎಚ್-4 ವೀಸಾದ ಮೇಲಿದ್ದ. ಎಚ್-1ಬಿ, ಎಚ್-4, ಓದಲು ಹೋಗುವವರ ಎಫ್-1, ಇಂಥ ತಾತ್ಕಾಲಿಕ ವೀಸಾ ಚಾಲ್ತಿಯಲ್ಲಿ ಇರುವಷ್ಟು ದಿನ ಈ ನಿಯಮ ತಾಗುವುದಿಲ್ಲ. ಅವರು ಕಾನೂನಿನ ಕಣ್ಣಲ್ಲಿ ನೆಂಟರು. ಗ್ರೀನ್ ಕಾರ್ಡ್ ಬಂದ ದಿನ ನೆಂಟಸ್ತನ ಮುಗಿಯುತ್ತದೆ. ಅದೇ ಮನೆ, ಅದೇ ಕಾಲೇಜು, ಅದೇ ಹುಡುಗ. ಆದರೆ ಅವನ 30 ದಿನಗಳ ಲೆಕ್ಕ ಅಂದಿನಿಂದ ಶುರು.

ಹೆಸರು ಕೊಡದಿದ್ದರೆ? ಕಾನೂನಿನಲ್ಲಿ ಬರೆದ ಗರಿಷ್ಠ ಶಿಕ್ಷೆ 5 ವರ್ಷ ಜೈಲು, 2,50,000 ಡಾಲರ್ ದಂಡ. 1980ರ ದಶಕದ ನಂತರ ಇದಕ್ಕಾಗಿ ಯಾರ ಮೇಲೂ ಮೊಕದ್ದಮೆ ಹೂಡಿಲ್ಲ. ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಪೌರತ್ವದ ಅರ್ಜಿಯಲ್ಲಿ ಗಂಡುಮಕ್ಕಳಿಗೆ ಈ ಪ್ರಶ್ನೆ ಇದ್ದೇ ಇದೆ: ನೋಂದಾಯಿಸಿದ್ದೀರಾ, ಯಾವಾಗ, ನಂಬರ್ ಎಷ್ಟು? 26 ತುಂಬಿದ ಮೇಲೆ ಹೆಸರು ಕೊಡುತ್ತೇನೆಂದರೂ ತೆಗೆದುಕೊಳ್ಳುವುದಿಲ್ಲ. ಆಮೇಲೆ 31 ಆಗುವ ಮುಂಚೆ ಪೌರತ್ವ ಕೇಳಿದರೆ, ಬೇಕೆಂದೇ ತಪ್ಪಿಸಿಕೊಂಡದ್ದಲ್ಲ ಎಂದು ರುಜುವಾತು ಮಾಡಬೇಕು. ಕೇಂದ್ರ ಸರ್ಕಾರದ ನೌಕರಿಗೂ ಇದು ಅಡ್ಡ ಬರುತ್ತದೆ. ಸರ್ಕಾರವೇ ತನ್ನ ದಾಖಲೆಗಳಿಂದ ಹೆಸರುಗಳನ್ನು ತಾನಾಗಿ ಪಟ್ಟಿಗೆ ಸೇರಿಸಿಕೊಳ್ಳುವ ಕಾನೂನು 2025ರ ಡಿಸೆಂಬರಿನಲ್ಲಿ ಆಗಿದೆ. ಆದರೂ ತನ್ನ ಹೆಸರು ಸೇರಿದೆಯೇ ಎಂದು ಹುಡುಗನೇ ನೋಡಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದು ಏನೆಂದು ರೇಷನ್ ಕಾರ್ಡ್ ಇರುವ ಯಾರಿಗೂ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಕೇಳಿದ ಅಜ್ಜಿಗೆ ಬೇಕಿದ್ದದ್ದು ಒಂದೇ ಉತ್ತರ. "ಒಯ್ತಾರೋ ಇಲ್ಲೋ?"

"ಇವತ್ತಂತೂ ಯಾರೂ ಒಯ್ಯಂಗಿಲ್ರಿ" ಎಂದೆವು. ಪಟ್ಟಿಗೆ ಹೆಸರು ಸೇರಿದರೆ ಸೈನ್ಯಕ್ಕೆ ಸೇರಿದ ಹಾಗಲ್ಲ. ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತದ್ದು 1973ರಲ್ಲಿ. 1975ರಲ್ಲಿ ನೋಂದಣಿಯೂ ನಿಂತಿತ್ತು. ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ 1980ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಮತ್ತೆ ತಂದರು. ಈಗ ಯಾರನ್ನಾದರೂ ಬಲವಂತವಾಗಿ ಕರೆಯಬೇಕಾದರೆ ಅಲ್ಲಿನ ಸಂಸತ್ತು ಹೊಸದಾಗಿ ಕಾನೂನು ಮಾಡಬೇಕು. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದವರು ಕರೆ ಬಂದಾಗ ಅದನ್ನು ಹೇಳಿಕೊಳ್ಳಲು ಅವಕಾಶವೂ ಇದೆ. ಇಷ್ಟು ಹೇಳಿ ಎದ್ದು ಬರಬಹುದಿತ್ತು. ಆದರೆ ಅಜ್ಜಿ 'ಖರೇ ಹೇಳ್ರಿ' ಎಂದಿದ್ದರು. ಹಾಗಾಗಿ 1969ರ ಡಿಸೆಂಬರ್ 1ರ ಲಾಟರಿಯ ಸಂಗತಿಯನ್ನೂ ಹೇಳಿದೆವು. ವರ್ಷದ 366 ತಾರೀಖುಗಳನ್ನು ಚೀಟಿ ಮಾಡಿ, ಒಂದೊಂದೇ ಎತ್ತಿ, ಯಾವ ದಿನ ಹುಟ್ಟಿದ ಹುಡುಗರು ಮೊದಲು ಹೋಗಬೇಕೆಂದು ಗೊತ್ತು ಮಾಡಿದರು. ವಿಯೆಟ್ನಾಂ ಯುದ್ಧದ ಆ ವರ್ಷಗಳಲ್ಲಿ ಪೌರತ್ವ ಇಲ್ಲದ ವಲಸಿಗರನ್ನೂ ಕರೆಯಲಾಗಿತ್ತು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಓಟ್ ಹಾಕಲಿಕ್ಕ ಇನ್ನಾ ಅಲ್ಲಿಯವ ಆಗಿಲ್ಲ. ಲಡಾಯಿಗಿ ಮಾತ್ರ ಅಲ್ಲಿಯವನೇನು?"

ಈ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇದೇ ಪ್ರಶ್ನೆ ಕೇಳಬಹುದಾಗಿದ್ದ ಒಬ್ಬ ಹಳೆಯ ಮನುಷ್ಯನ ಕಥೆ ಮಾತ್ರ ಇತ್ತು. ಪಂಜಾಬಿನಿಂದ ಅಮೆರಿಕಕ್ಕೆ ಹೋದ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಆ ದೇಶದ ಸೈನ್ಯದಲ್ಲಿದ್ದರು. ಸಮವಸ್ತ್ರದಲ್ಲಿದ್ದಾಗಲೇ ಸಿಕ್ಕ ಪೌರತ್ವವನ್ನು ಕೆಲವೇ ದಿನಗಳಲ್ಲಿ ಕಿತ್ತುಕೊಂಡರು. ಮತ್ತೆ ಕೋರ್ಟಿಗೆ ಹೋಗಿ ಪಡೆದರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾನೂನು ಹೇಳುವ ಅರ್ಥದಲ್ಲಿ ಈತ ಬಿಳಿಯನಲ್ಲ, ಪೌರತ್ವಕ್ಕೆ ಅರ್ಹನಲ್ಲ ಎಂದು ತೀರ್ಪು ಕೊಟ್ಟಿತು. ಆ ಯುದ್ಧದಲ್ಲಿ ದುಡಿದವರಿಗೆ ಪೌರತ್ವ ಕೊಡುವ ಕಾಯ್ದೆ 1935ರಲ್ಲಿ ಆದ ಮೇಲೆ, 1936ರಲ್ಲಿ ಅವರು ಪ್ರಜೆಯಾದರು. ಬಂದೂಕು ಕೊಡಲು ಆಗದ ತಡ, ಹಕ್ಕು ಕೊಡಲು 18 ವರ್ಷ ಆಯಿತು.

ಹಾಗೆಂದು ಇದು ಅಮೆರಿಕದ ಮಾತಷ್ಟೇ ಅಲ್ಲ. ನಮ್ಮ ಕನ್ನಡ ಕುಟುಂಬಗಳು ನೆಲೆಸಿರುವ ಸಿಂಗಪುರದಲ್ಲಿ ನಿಯಮ ಇನ್ನೂ ಬಿಗಿ. ಕೆಲಸದ ಮೇಲೆ ಹೋಗಿ ಕಾಯಂ ನಿವಾಸಿಯಾದ ಅಪ್ಪನಿಗೆ ವಿನಾಯಿತಿ ಇದೆ. ಕಾಯಂ ನಿವಾಸಿಯಾದ ಮಗ ಮಾತ್ರ ಹದಿನಾರೂವರೆಗೆ ಹೆಸರು ಬರೆಸಿ, ಆಮೇಲೆ 2 ವರ್ಷ ಪೂರ್ಣಾವಧಿ ಸೇವೆ ಮಾಡಲೇಬೇಕು. ಅಲ್ಲಿ ಮಗನ ಹೆಸರಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕುವ ದಿನವೇ ಈ ಮಾತು ಮನೆಯಲ್ಲಿ ಆಗಿರಬೇಕು. ತಂದೆತಾಯಿ ಹಾಕುವ ಸಹಿಯನ್ನು ತೀರಿಸುವವನು ಮಗ.

ಇನ್ನು ನಮ್ಮ ಮಗ್ಗುಲಿಗೇ ನಡೆದ ಸಂಗತಿ. ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಮೂವರು ಯುವಕರು, ಯಾದಗಿರಿಗೆ ಹೊಂದಿಕೊಂಡ ತೆಲಂಗಾಣದ ನಾರಾಯಣಪೇಟ ಜಿಲ್ಲೆಯ ಒಬ್ಬ ಯುವಕ, ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದರು. ಹೇಳಿದ್ದು ಹೆಲ್ಪರ್ ಕೆಲಸ, ಸೆಕ್ಯುರಿಟಿ ಕೆಲಸ. ಸಹಿ ಹಾಕಿಸಿದ ಕರಾರು ರಷ್ಯನ್ ಭಾಷೆಯಲ್ಲಿತ್ತು. ಹೋಗಿ ಮುಟ್ಟಿದ್ದು ಉಕ್ರೇನ್ ಯುದ್ಧಭೂಮಿಗೆ. ಹೀಗೆ ಹೋದವರಲ್ಲಿ ಗುಜರಾತಿನ ಒಬ್ಬ ಯುವಕ, ಹೈದರಾಬಾದಿನ ಒಬ್ಬ ಯುವಕ 2024ರ ಮೊದಲ ತಿಂಗಳುಗಳಲ್ಲಿ ಅಲ್ಲೇ ಸತ್ತ ಸುದ್ದಿ ಬಂತು. ಆ ಮಾರ್ಚಿನಲ್ಲಿ ಸಿಬಿಐ ಏಜೆಂಟರ ಮೇಲೆ ಪ್ರಕರಣ ದಾಖಲಿಸಿತು. ನಮ್ಮ ಕಡೆಯ ನಾಲ್ವರು 2024ರ ಸೆಪ್ಟೆಂಬರಿನಲ್ಲಿ ಜೀವಂತ ಮರಳಿದರು. ಅದೇ ವರ್ಷದ ಜನವರಿಯಲ್ಲಿ ರಷ್ಯಾ, ತನ್ನ ಸೈನ್ಯದ ಕರಾರಿಗೆ ಸಹಿ ಹಾಕುವ ವಿದೇಶಿಯರಿಗೂ ಅವರ ಮನೆಯವರಿಗೂ ಬೇಗ ಪೌರತ್ವ ಕೊಡುವ ಆದೇಶ ಹೊರಡಿಸಿತ್ತು. ಪಾಸ್‌ಪೋರ್ಟಿನ ಆಸೆಯನ್ನೇ ಗಾಳಕ್ಕೆ ಸಿಕ್ಕಿಸಿದ ಹಾಗೆ.

ಈ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶಹಾಪುರದ ಮನೆಗೆ ಬಂದ ಕಾಗದದ ಹೆಸರೇ ಭಯ ಹುಟ್ಟಿಸುವಂಥದು. ಒಳಗೆ ಇರುವುದು ಒಂದು ಪಟ್ಟಿ, ಒಂದು ನಂಬರು. ಆಳಂದದ ಹುಡುಗರ ಕೈಗೆ ಬಂದ ಕಾಗದಕ್ಕೆ ಕೆಲಸ ಎಂಬ ಹೆಸರಿತ್ತು. ಒಳಗೆ ಇದ್ದದ್ದು ಯುದ್ಧ. ಮೊದಲನೆಯದಕ್ಕೆ ಹೆದರಿ ಸುಮ್ಮನಿದ್ದರೆ ಹುಡುಗನ ಪೌರತ್ವಕ್ಕೆ ಕುತ್ತು. ಎರಡನೆಯದಕ್ಕೆ ಹೆದರದೆ ಸಹಿ ಹಾಕಿದರೆ ಜೀವಕ್ಕೇ ಕುತ್ತು. ಹೆಸರು ನೋಡಿ ಹೆದರುವುದೂ ಹೆಸರು ನೋಡಿ ನಂಬುವುದೂ ಒಂದೇ. ಎರಡರಲ್ಲೂ ಕಾಗದ ಓದಿರುವುದಿಲ್ಲ.

ಸೈನ್ಯ, ಸರ್ಕಾರದ ಪಟ್ಟಿ, ಇವು ನಮ್ಮ ಸೀಮೆಗೆ ಹೊಸ ಮಾತುಗಳಲ್ಲ. 1705ರಲ್ಲಿ ಔರಂಗಜೇಬ ತಾನೇ ನಿಂತು ಮುತ್ತಿಗೆ ಹಾಕಿದ ವಾಗಿನಗೇರಿ ಕೋಟೆ ಸುರಪುರದ ಪಕ್ಕದಲ್ಲೇ ಇದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತದ್ದು ಇದೇ ಸುರಪುರದಲ್ಲಿ. ಅದಕ್ಕೆ ಕೆಲವೇ ತಿಂಗಳ ಹಿಂದೆ ಮುಧೋಳದ ಹತ್ತಿರದ ಹಲಗಲಿಯ ಬೇಡರು ದಂಗೆ ಎದ್ದದ್ದು ಆಯುಧಗಳ ಮೇಲೆ ಬಂದ ಸರ್ಕಾರಿ ಹುಕುಮಿಗೆ ಎದುರಾಗಿ. ಕಾಗದವೊಂದು ಮನೆಯ ಕತ್ತಿಯವರೆಗೂ ಬರಬಲ್ಲದು ಎಂದು ಅವರಿಗೆ ಗೊತ್ತಾಗಿತ್ತು.

ಇವತ್ತು ಸುರಪುರದಲ್ಲಿ ನಸುಕಿಗೆ ಎದ್ದರೆ ಬೇರೆ ನೋಟ. ಮೈದಾನದಲ್ಲಿ, ರಸ್ತೆ ಬದಿಯಲ್ಲಿ ಹುಡುಗರು ಓಡುತ್ತಿರುತ್ತಾರೆ. ಅಗ್ನಿವೀರ ಆಗಬೇಕು. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ 1.6 ಕಿಲೋಮೀಟರ್ ಓಟ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ 4 ವರ್ಷ, ಆಮೇಲೆ ಕಾಯಂ ಆಗುವವರು ಗರಿಷ್ಠ 25%. ಇದು ಗೊತ್ತಿದ್ದೇ ಓಡುತ್ತಾರೆ. ನಮ್ಮ ದೇಶದಲ್ಲಿ ಸೇನೆಗೆ ಬಲವಂತದ ಭರ್ತಿ ಇಲ್ಲ, ಆದರೆ ಗುಳೆ ಹೋಗುವ ಮನೆಯ ಹುಡುಗನಿಗೆ ಬಡತನದ ಬಲವಂತ ಇದೆ. ಅಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಹೆಸರು ಪಟ್ಟಿಗೆ ಸೇರಿತೆಂದು ನಿದ್ದೆಗೆಟ್ಟರೆ, ಇಲ್ಲಿ ನೂರು ಮನೆಗಳಲ್ಲಿ ಹೆಸರು ಸೇರಲಿಲ್ಲವೆಂದು ನಿದ್ದೆಗೆಡುತ್ತಾರೆ. ಆಳಂದದ ಹುಡುಗರ ಕಥೆಯನ್ನು ನಾವು ಈ ಹುಡುಗರಿಗೂ ಹೇಳುತ್ತೇವೆ. ಭರ್ತಿಯಲ್ಲಿ ಫೇಲ್ ಆಗಿ ಬಂದ ಹುಡುಗನ ಫೋನಿಗೇ ಮುಂದೆ ಏಜೆಂಟನ ಕರೆ ಬರುವುದು.

ವಿದೇಶಕ್ಕೆ ಹೊರಟವರಿಗೆ ನಮ್ಮ ಮಾತು ಇಷ್ಟೇ. ನಿಮ್ಮ ಭಾಷೆಯಲ್ಲಿ ಯಾರಾದರೂ ಪೂರ್ತಿ ಓದಿ ಹೇಳುವ ತನಕ ಯಾವ ಕರಾರಿಗೂ ಸಹಿ ಬೇಡ. ಏಜೆಂಟನ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೋ ನೋಡಿ. ಕಾಯಂ ವಾಸದ ಕಾರ್ಡ್ ಸಿಗುವುದಾದರೆ, ಅದರ ಜೊತೆಗೆ ಗಂಡುಮಕ್ಕಳ ಮೇಲೆ ಏನು ಬೀಳುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಅಲ್ಲಿ ನೆಲೆಸಿದ ಅಣ್ಣಂದಿರು, ಅಕ್ಕಂದಿರು ಊರಿನ ಮನೆಗೆ 'ಸುಮ್ನ ಒಂದು ಫಾರ್ಮು' ಎಂದು ಹೇಳಿ ಫೋನ್ ಇಡಬೇಡಿ. ಹತ್ತು ನಿಮಿಷ ಕೂತು ಬಿಡಿಸಿ ಹೇಳಿ.

ಶಹಾಪುರದ ಹುಡುಗ 30 ದಿನದೊಳಗೆ ಹೆಸರು ಕೊಟ್ಟ. ಅವನು ಕೊಟ್ಟದ್ದು ಹೆಸರು, ವಿಳಾಸ, ಹುಟ್ಟಿದ ದಿನ. ಆ ಹುಟ್ಟಿದ ದಿನವನ್ನು ಯಾರೂ ಯಾವ ಚೀಟಿಯಲ್ಲೂ ಎತ್ತದಿರಲಿ.