ತೊಟ್ಟಿಲ ಸಾಲ

‘ಚಿಕ್ಕೋಡಿ ರೋಡ್’ ಎಂಬ ರೈಲು ನಿಲ್ದಾಣವು ಚಿಕ್ಕೋಡಿಯಲ್ಲಿ ಇಲ್ಲವೆಂಬುದು ನಮ್ಮ ಸೀಮೆಯವರಿಗೆಲ್ಲ ತಿಳಿದ ಸಂಗತಿ. ಮಿರಜ-ಬೆಳಗಾವಿ ಗಾಡಿಯಿಂದ ಹೆಸರನ್ನು ನಂಬಿ ಅಲ್ಲಿ ಇಳಿದ ಪರಸ್ಥಳದ ಬೀಗರು ‘ಊರು ಎಲ್ಲೈತ್ರಿ?’ ಎಂದು ದಿಕ್ಕುಗೆಟ್ಟು ನಿಲ್ಲುವುದನ್ನು ನಾನು ಕಂಡಿದ್ದೇನೆ. ಆದುದರಿಂದ, ಟೋಕಿಯೋ ಡಿಸ್ನಿಲ್ಯಾಂಡ್ ಎಂಬ ಜಗತ್ಪ್ರಸಿದ್ಧ ವಿನೋದವನವೂ ಟೋಕಿಯೋದಲ್ಲಿ ಇಲ್ಲ, ಪಕ್ಕದ ಚಿಬಾ ಪ್ರಾಂತದ ಉರಾಯಸು ಎಂಬ ಊರಿನಲ್ಲಿದೆ ಎಂದು ತಿಳಿದಾಗ ನನಗೆ ಜಪಾನಿನ ಮೇಲೆ ಮೊದಲ ಬಾರಿಗೆ ಬಂಧುಭಾವ ಮೂಡಿತು. ಅವರೂ ನಮ್ಮಂಥವರೇ ಎನ್ನಿಸಿತು.

ಕನ್ನಡದ ಮೇಷ್ಟರೊಬ್ಬರು ಹೆಂಡತಿಯೊಡನೆ ಅಲ್ಲಿಗೆ ಹೋದುದಾದರೂ ಹೇಗೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಚಿಂಚಲಿಯಲ್ಲಿದೆ.

ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ಮಾಯಕ್ಕದೇವಿಯ ಜಾತ್ರೆ. ಮಹಾರಾಷ್ಟ್ರದಿಂದಲೂ ಎತ್ತಿನ ಬಂಡಿಗಳು ಸಾಲುಗಟ್ಟಿ ಬರುತ್ತವೆ. ತೂರಿದ ಭಂಡಾರದಿಂದ ಮನುಷ್ಯರು, ಎತ್ತುಗಳು, ಹಾದಿಯ ಧೂಳು ಎಲ್ಲವೂ ಹಳದಿ. 2014ರಲ್ಲಿ ನಮ್ಮ ಮದುವೆಯಾಯಿತು. ಮರುವರ್ಷದ ಜಾತ್ರೆಗೆ ನಾವಿಬ್ಬರೂ ಹೋಗಿದ್ದೆವು. ದರ್ಶನ ಮುಗಿಸಿ ಬರುವಾಗ ಮುಗಿಲೆತ್ತರಕ್ಕೆ ತಿರುಗುವ ತೊಟ್ಟಿಲಿನ ಮುಂದೆ ನನ್ನಾಕೆ ನಿಂತಳು.

“ರೀ, ಒಂದ ಸರ್ತಿ ಕುಂಡ್ರೂಣು?”

ನಾನು ಆಗ 28 ವರ್ಷದ ಹೊಸ ಅಧ್ಯಾಪಕ. ಸುತ್ತಲೂ ನೋಡಿದೆ. ಕಬ್ಬಿನ ಹಾಲು ಕುಡಿಯುತ್ತ ನನ್ನ ತರಗತಿಯ ನಾಲ್ಕೈದು ಹುಡುಗರು ನಿಂತಿದ್ದರು.

“ಬ್ಯಾಡ. ಕಾಲೇಜಿನ ಹುಡುಗ್ರು ನೋಡ್ತಾರ,” ಎಂದೆ.

ಆಕೆ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಜಗಳವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಕೇಳದೆ ಇದ್ದುದರಿಂದ ಅದು ಸಾಲವಾಗಿ ಉಳಿಯಿತು.

2017ರಲ್ಲಿ ಅವ್ವನಿಗೆ ಪಾರ್ಶ್ವವಾಯು ಬಡಿಯಿತು. ಅಲ್ಲಿಂದ ಆರು ವರ್ಷ ನಮ್ಮ ಮನೆಯ ಗಡಿಯಾರ ಅವ್ವನ ಮಂಚದ ಸುತ್ತ ತಿರುಗಿತು. ನಾನು ಕಾಲೇಜಿಗೆ ಹೋಗಿ ಪಂಪ-ರನ್ನರ ನಡುವೆ ಐದು ತಾಸು ಗಾಳಿ ಸೇವಿಸಿ ಬರುತ್ತಿದ್ದೆ. ನನ್ನಾಕೆಗೆ ಆ ಗಾಳಿಯೂ ಇರಲಿಲ್ಲ. ಅಥಣಿಯ ಬಳಿಯ ತವರಿಗೆ ಹೋದರೂ ಸಂಜೆಯ ಬಸ್ಸಿಗೆ ತಿರುಗಿ ಬರುವಳು. ಅವ್ವನಿಗೆ ಮಾತು ತೊದಲುತ್ತಿತ್ತಾದರೂ ಒಂದು ದಿನ ನನ್ನನ್ನು ಹತ್ತಿರ ಕರೆದು ಹೇಳಿದಳು: “ನನ್ನ ಸಲುವಾಗಿ ಈ ಹುಡುಗಿ ಹೊಸ್ತಲಾ ದಾಟ್ಲಿಲ್ಲೊ. ನಾ ಹೋದಮ್ಯಾಲರೆ ಎಲ್ಲ್ಯಾರ ಕರ್ಕೊಂಡ ಹೋಗು.” 2023ರ ಡಿಸೆಂಬರಿನಲ್ಲಿ ಅವ್ವ ಹೋದಳು.

ಮರುವರ್ಷದ ಬೇಸಗೆಯಲ್ಲಿ ನನ್ನಾಕೆಯ ತಮ್ಮನ ಫೋನು ಬಂದಿತು. ಅವನು ಟೋಕಿಯೋದಲ್ಲಿ ಎಂಜಿನಿಯರು. “ಅಕ್ಕಾ, ವರ್ಷದ ಕೊನಿಗೆ ನಾ ಊರಿಗೆ ಬಂದುಬಿಡ್ತೀನಿ. ಬರೂದಿದ್ರ ಈಗ ಬರ್ರಿ. ಇರಾಕ ಮನಿ ಐತಿ, ತಿರಗ್ಯಾಡಾಕ ನಾ ಅದೀನಿ. ಮಾಮಾ ವಿಮಾನದ್ದಷ್ಟ ನೋಡ್ಕೊಂಡ್ರ ಸಾಕು,” ಎಂದನು. ಸಂಬಳದ ಬಾಕಿ ಹಣ ಬಂದಿತ್ತು. ಆದರೆ ನಮ್ಮ ಕಾಕಾ ಮಾತ್ರ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ನುಡಿದರು: “ಅತ್ತಿ ಸತ್ತ ವರ್ಷ ತುಂಬಿಲ್ಲ, ಸೊಸಿ ಜಪಾನಕ್ಕ ಜಾತ್ರಿಗೆ ಹೊಂಟಾಳ!” ನನ್ನಾಕೆ ಆ ರಾತ್ರಿ ಊಟ ಮಾಡಲಿಲ್ಲ. ಹೋಗುವುದು ಬೇಡವೆಂದಳು. ಆರು ವರ್ಷ ಆ ಮಂಚದ ಕಡೆ ಹಾಯದವರು ಈಗ ಲೆಕ್ಕ ಹಿಡಿದು ಕುಳಿತಿದ್ದು ನನಗೆ ಸಿಟ್ಟು ತರಿಸಿತು. ಸಿಟ್ಟಿನಲ್ಲಿಯೇ ಟಿಕೀಟು ತೆಗೆಸಿದೆ. ನನ್ನ ಜೀವಮಾನದ ಏಕೈಕ ಶೌರ್ಯವೆಂದು ಅದನ್ನು ಓದುಗರು ಒಪ್ಪಬೇಕು.

ಅಕ್ಟೋಬರ್ 2ರ ಮಹಾಲಯ ಅಮಾವಾಸ್ಯೆಯಂದು ಅವ್ವನಿಗೆ ಮೊದಲ ಎಡೆ ಇಟ್ಟೆವು. ದಸರೆಯಲ್ಲಿ ಬನ್ನಿ ಕೊಟ್ಟು, ಗಳಿಕೆ ರಜೆ ಹಾಕಿ ಹೊರಟೆವು. ಶೇಂಗಾ ಚಟ್ನಿಯ ಡಬ್ಬಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯ ಕಟ್ಟು, ಮೈದುನನಿಗೆಂದು ಅಥಣಿಯ ಚರ್ಮದ ಚಪ್ಪಲಿ ಎರಡು ಜೋಡಿ. ನಿಪ್ಪಾಣಿಯಲ್ಲಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದಾಗ ತಂಬಾಕಿನ ಘಾಟಿಗೆ ನನ್ನಾಕೆ ಸೆರಗನ್ನು ಮೂಗಿಗೆ ಹಿಡಿದಳು. ಆ ಘಾಟು ನರಿತಾ ವಿಮಾನ ನಿಲ್ದಾಣದವರೆಗೂ ನಮ್ಮ ಬಟ್ಟೆಯಲ್ಲಿತ್ತೆಂದು ಆಕೆಯ ವಾದ.

ಮೈದುನನ ಮನೆಯಿದ್ದುದು ಎದೊಗಾವಾ ಭಾಗದ ನಿಶಿ-ಕಸಾಯಿಯಲ್ಲಿ. ನಮ್ಮ ಕಡೆ ಕಸಾಯಿ ಎಂದರೇನೆಂಬುದನ್ನು ಹೇಳಬೇಕಾಗಿಲ್ಲ. ಹೆಸರು ಕೇಳಿದೊಡನೆ ನನ್ನಾಕೆ ಬೆಚ್ಚಿದ್ದಳು. ಆದರೆ ಟೋಕಿಯೋದಲ್ಲಿ ಭಾರತದವರು ಹೆಚ್ಚಾಗಿ ನೆಲೆಸಿರುವ ಕೇರಿ ಅದೇ. ತೊಗರಿಬೇಳೆ ಸಿಗುತ್ತದೆ, ಹುಣಸೆಹಣ್ಣು ಸಿಗುತ್ತದೆ.

ಮೂರನೆಯ ದಿನ ಡಿಸ್ನಿಲ್ಯಾಂಡಿಗೆ ಹೋದೆವು. ಉರಾಯಸು ಒಂದು ಕಾಲಕ್ಕೆ ಬೆಸ್ತರ ಊರು. ಬೆಸ್ತರು ಮೀನುಗಾರಿಕೆಯ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ ಸಮುದ್ರವನ್ನು ತುಂಬಿ ನೆಲ ಮಾಡಿದರು. ಆ ನೆಲದ ಮೇಲೆ 1983ರ ಏಪ್ರಿಲ್ 15ರಂದು ಈ ಮಾಯಾನಗರ ಬಾಗಿಲು ತೆರೆಯಿತು. ಅಮೇರಿಕೆಯ ಹೊರಗೆ ಕಟ್ಟಿದ ಮೊದಲನೆಯ ಡಿಸ್ನಿ ವನ ಇದು. ತಲೆಗೆ 9 ಸಾವಿರ ಯೆನ್‌ಗೆ ಮೇಲ್ಪಟ್ಟು ಪ್ರವೇಶಧನ, ನಮ್ಮ ಲೆಕ್ಕದಲ್ಲಿ 5 ಸಾವಿರ ರೂಪಾಯಿಗೂ ಹೆಚ್ಚು. ಆ ಮೊತ್ತವನ್ನು ಮನಸ್ಸಿನಲ್ಲಿ ಜೋಳದ ಚೀಲಗಳಾಗಿ ಪರಿವರ್ತಿಸುವ ಚಟವನ್ನು ನಾನು ದ್ವಾರದಲ್ಲಿಯೇ ಬಿಡಲು ಪ್ರಯತ್ನಿಸಿದೆ.

ಅದು ಹ್ಯಾಲೋವೀನ್ ಹಬ್ಬದ ಋತು. ಅಕ್ಟೋಬರ್ 31ರ ಈ ಹಬ್ಬದ ಮೂಲ ಐರ್ಲೆಂಡಿನ ಕಡೆಯದು. ಸುಗ್ಗಿ ಮುಗಿದು ಚಳಿಗಾಲ ಹೊಗುವ ಆ ರಾತ್ರಿ ಸತ್ತವರು ಬದುಕಿದ್ದವರ ಬಾಗಿಲಿಗೆ ಬರುವರೆಂದು ನಂಬಿಕೆ. ವಲಸೆಗಾರರೊಡನೆ ಅಮೇರಿಕೆಗೆ ಹೋಗಿ, ಅಲ್ಲಿ ಕುಂಬಳಕಾಯಿಯ ಮುಖ ಧರಿಸಿ, ಜಪಾನಿಗೆ ಬಂದಿತು. ಜಪಾನೀಯರ ಹಿರಿಯರು ಮಾತ್ರ ಅಂದು ಬರುವುದಿಲ್ಲ. ಅವರು ಬರುವುದು ಆಗಸ್ಟಿನ ಓಬೋನ್ ಹಬ್ಬಕ್ಕೆ; ದೀಪ ಹಚ್ಚಿ ಕರೆದು, ದೀಪ ತೇಲಿಬಿಟ್ಟು ಕಳಿಸಿಕೊಡುತ್ತಾರೆ. ಹೀಗಾಗಿ ಅಲ್ಲಿ ಹ್ಯಾಲೋವೀನಿಗೆ ಉಳಿದಿರುವುದು ವೇಷ ಮತ್ತು ಮಿಠಾಯಿ. ಟೋಕಿಯೋದ ಶಿಬುಯಾ ಚೌಕದಲ್ಲಿ ವೇಷಧಾರಿಗಳ ನೂಕುನುಗ್ಗಲು ಮಿತಿಮೀರಿ, 2023ರಲ್ಲಿ ಅಲ್ಲಿಯ ಮೇಯರರೇ ಹಬ್ಬಕ್ಕೆಂದು ಇತ್ತ ಬರಬೇಡಿರೆಂದು ಕೇಳಿಕೊಂಡಿದ್ದರು. (2024ರಲ್ಲಿ ಅದೇ 31ರಂದು ನಮಗೆ ನರಕ ಚತುರ್ದಶಿ ಬಿದ್ದಿತ್ತು.)

ಡಿಸ್ನಿಲ್ಯಾಂಡಿನಲ್ಲಿ ಮಿಕ್ಕ ದಿನಗಳಲ್ಲಿ ದೊಡ್ಡವರು ಪೂರ್ಣ ವೇಷ ಧರಿಸುವಂತಿಲ್ಲ. ಈ ಋತುವಿಗಷ್ಟೇ ಪರವಾನಿಗೆ. ರಾಜಕುಮಾರಿಯರೂ ಕಡಲುಗಳ್ಳರೂ ಮಾಟಗಾತಿಯರೂ ಸಾಲಿನಲ್ಲಿ ತಾಳ್ಮೆಯಿಂದ ನಿಂತಿದ್ದರು. ನಮ್ಮ ಹೋಳಿಯ ಸೋಗು, ಮೊಹರಂ ಹುಲಿವೇಷ ಕಂಡವನಿಗೆ ವೇಷ ಹೊಸದಲ್ಲ. ಹೊಸದಾಗಿದ್ದುದು ಬೇರೆ. ಎಪ್ಪತ್ತು ಮೀರಿದ ಗಂಡಹೆಂಡಿರಿಬ್ಬರು, ಇಬ್ಬರ ತಲೆಯ ಮೇಲೂ ಇಲಿಯ ಕಿವಿ, ಕೈ ಹಿಡಿದುಕೊಂಡು ನಡೆಯುತ್ತಿದ್ದರು. ಯಾರೂ ಅವರನ್ನು ನೋಡುತ್ತಿರಲಿಲ್ಲ, ನೋಡುತ್ತಿದ್ದವನು ನಾನೊಬ್ಬನೇ.

ನನ್ನಾಕೆ ಅಂಗಡಿಯಿಂದ ಎರಡು ಜೊತೆ ಕಿವಿ ತಂದಳು. ನಡುವೆ ಒಂದೊಂದು ಪುಟ್ಟ ಕುಂಬಳಕಾಯಿ. ಒಂದನ್ನು ನನ್ನತ್ತ ಚಾಚಿದಳು. ಬಾಯಿಂದ ಏನೂ ಹೇಳಲಿಲ್ಲ. ನಾನು ಸುತ್ತಲೂ ನೋಡಿದೆ. ಆರೇಳು ಸಾವಿರ ಕಿಲೋಮೀಟರ್ ದೂರದಲ್ಲಿ ಅದಾವ ಹುಡುಗ ನಿಂತಿರಬೇಕು! ಆದರೂ ಕೊರಳು ತಾನಾಗಿ ತಿರುಗಿತು. ಆಕೆ ಅದನ್ನು ಕಂಡು ನಕ್ಕಳು. ಹತ್ತು ವರ್ಷದ ನಗೆ ಅದು. ನಾನು ಕಿವಿ ಧರಿಸಿದೆ.

ಆಮೇಲೆ ಭೂತದ ಬಂಗಲೆಗೆ ಹೋದೆವು. ಅಲ್ಲಿ 999 ಭೂತಗಳು ವಾಸವಾಗಿವೆಯೆಂದು ಪ್ರಸಿದ್ಧಿ. ಕೋಣೆಯ ಚಾವಣಿ ಮೇಲಕ್ಕೇರಿ ಗೋಡೆಗಳು ಉದ್ದವಾಗುತ್ತವೆ; ಬಳಿಕ ಕಪ್ಪು ಬಂಡಿಯಲ್ಲಿ ಕುಳ್ಳಿರಿಸಿ ಕತ್ತಲೆಯೊಳಗೆ ಒಯ್ಯುತ್ತಾರೆ. ಹಬ್ಬದ ಋತುವಾದುದರಿಂದ ಎಲ್ಲೆಲ್ಲೂ ಕುಂಬಳಕಾಯಿಯ ಮುಖಗಳು, ಮೋಂಬತ್ತಿಗಳು, ಕಿಸಿಯುವ ತಲೆಬುರುಡೆಗಳು. ನನಗೆ, ಒಪ್ಪಿಕೊಳ್ಳುತ್ತೇನೆ, ಕೊಂಚ ಎದೆ ಹೊಡೆದುಕೊಂಡಿತು. ನನ್ನಾಕೆಯ ಕಡೆ ನೋಡಿದೆ. ಆಕೆ ಜಾತ್ರೆಯಲ್ಲಿ ಪರಿಚಯದವರನ್ನು ಹುಡುಕುವಂತೆ ಅತ್ತಿತ್ತ ನೋಡುತ್ತಿದ್ದಳು.

“ಪಾಪ ರೀ,” ಎಂದಳು ಮೆಲ್ಲಗೆ. “ಇಷ್ಟ ಮಂದಿ ಅದಾರ. ಒಬ್ಬರಿಗೂ ಎಡಿ ಇಟ್ಟವರಿಲ್ಲ ಅನಸ್ತೈತಿ.”

ಹೊರಗೆ ಬಿಸಿಲಿಗೆ ಬಂದಾಗ ಆಕೆಯ ಕಣ್ಣು ತೇವವಾಗಿತ್ತು. ಕಾಕಾನ ಮಾತು ಆಕೆಯೊಡನೆ ಇಲ್ಲಿಯವರೆಗೂ ಬಂದಿತ್ತೆಂದು ನನಗೆ ಆಗ ತಿಳಿಯಿತು. ನಾನು ಏನಾದರೂ ಹೇಳಬೇಕಾಗಿತ್ತು. ಹೊಳೆಯಲಿಲ್ಲ. ಕ್ಯಾರಮೆಲ್ ಪಾಪ್‌ಕಾರ್ನಿನ ಡಬ್ಬಿ ಕೊಂಡು ತಂದೆ. ಸಸ್ಯಾಹಾರಿಗಳಾದ ನಮಗೆ ಅಂದು ಅದೇ ಊಟ, ಅದೇ ಉಪಾಹಾರ.

ರಾತ್ರಿಯ ದೀಪದ ಮೆರವಣಿಗೆಯನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲವೆಂದು ಬರೆಯುವುದು ರೂಢಿ. ನನ್ನಲ್ಲಿ ಇವೆ. ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರಖಾನೆಯತ್ತ ರಾತ್ರಿ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳನ್ನು ಕಾಗವಾಡದ ಹಾದಿಯಲ್ಲಿ ಕಂಡವರು ನೆನೆಯಲಿ: ತಲೆಯ ಮೇಲೆ ಬಣ್ಣದ ಮಿಣುಕುದೀಪ, ಎದೆ ನಡುಗಿಸುವ ಹಾಡು, ಹಿಂದೆ ಮನೆಯೆತ್ತರದ ಹೊರೆ. ಅದನ್ನು ನೂರ್ಮಡಿ ಮಾಡಿ, ಕಬ್ಬನ್ನು ಕೆಳಗಿಳಿಸಿ, ಅಲ್ಲಿ ರಾಜಕುಮಾರಿಯನ್ನು ಕುಳ್ಳಿರಿಸಿದರೆ ಡಿಸ್ನಿಯ ಮೆರವಣಿಗೆಯಾಯಿತು. ನನ್ನಾಕೆಯೂ ಅದನ್ನೇ ಹೇಳಿದಳು. ನಾವಿಬ್ಬರೂ ಒಂದೇ ಉಪಮೆಯನ್ನು ಏಕಕಾಲಕ್ಕೆ ಕಂಡದ್ದು ಅದೇ ಮೊದಲು.

ಆದರೆ ಅಷ್ಟು ದೊಡ್ಡ ವನದಲ್ಲಿ ತೊಟ್ಟಿಲು ಇರಲಿಲ್ಲ. ಮರಳುವಾಗ ರೈಲು ನದಿಯನ್ನು ದಾಟಿದೊಡನೆ ಕಿಟಕಿಯಲ್ಲಿ ಅದು ಕಾಣಿಸಿತು. ಕಸಾಯಿ ರಿಂಕಾಯಿ ಉದ್ಯಾನದ ಮಹಾಚಕ್ರ: 117 ಮೀಟರ್ ಎತ್ತರ, ಒಂದು ಸುತ್ತಿಗೆ 17 ನಿಮಿಷ. ಮರುದಿನ ಮಧ್ಯಾಹ್ನ ನಾನೇ ಕೇಳಿದೆ: “ಕುಂಡ್ರೂಣು?”

ಗಾಜಿನ ಗೂಡಿನಲ್ಲಿ ಕುಳಿತೆವು. ಅದು ಸದ್ದಿಲ್ಲದೆ ಏರಿತು. ಒಂದು ಕಡೆ ಸಮುದ್ರ, ಒಂದು ಕಡೆ ಹಿಂದಿನ ದಿನದ ಅರಮನೆಯ ಗೋಪುರ. ಆಕಾಶ ತಿಳಿಯಾಗಿದ್ದರೆ ಫುಜಿ ಪರ್ವತವೂ ಕಾಣುವುದಂತೆ, ನಮಗೆ ಮೋಡ. ತುದಿಗೆ ಬಂದಾಗ ನನ್ನಾಕೆ ಹೇಳಿದಳು:

“ಅತ್ತಿಯವರೂ ಕೇಳಿದ್ರಂತ. ಚಿಂಚಲಿ ಜಾತ್ರ್ಯಾಗ.”

“ಏನ?”

“ತೊಟ್ಟಿಲಾಗ ಕುಂಡ್ರೂಣು ಅಂತ. ಸಾಲಿ ಹುಡುಗ್ರು ನೋಡ್ತಾರ, ಬ್ಯಾಡ ಅಂದ್ರಂತ ಮಾವಾರು. ನನಗ ಹೇಳಿ ಹೇಳಿ ನಗ್ತಿದ್ರು.”

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಆ ಮಂಚದ ಬಳಿ ಇವರಿಬ್ಬರೂ ನಗುವುದನ್ನು ನಾನು ಎಷ್ಟೋ ಸಲ ಅಡಿಗೆಮನೆಯಿಂದ ಕೇಳಿದ್ದೆ; ನಗುತ್ತಿದ್ದುದು ನನ್ನ ವಿಷಯಕ್ಕೆಂದು ಎಣಿಸಿರಲಿಲ್ಲ. ಗೂಡು ನಿಧಾನವಾಗಿ ಇಳಿಯತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಆಕೆ ಪೀಠವನ್ನು ಕೈಯಿಂದ ತಟ್ಟಿ, “ಇದು ತೊಟ್ಟಿಲ ಅಲ್ಲ ಬಿಡ್ರಿ. ಅಳ್ಳ್ಯಾಡೂದ ಇಲ್ಲ,” ಎಂದಳು.

ಊರಿಗೆ ಮರಳುವಷ್ಟರಲ್ಲಿ ನನ್ನ ಕೀರ್ತಿ ನನಗಿಂತ ಮುಂಚೆ ಮುಟ್ಟಿತ್ತು. ಮೈದುನ ಮಹಾಶಯನು ಕಿವಿ ಧರಿಸಿದ ನನ್ನ ಫೋಟೋವನ್ನು ವಾಟ್ಸ್ಯಾಪಿನಲ್ಲಿ ಹಾಕಿದ್ದನು. ಅದು ಅಥಣಿಯಿಂದ ರಾಯಬಾಗಕ್ಕೆ, ರಾಯಬಾಗದಿಂದ ಚಿಕ್ಕೋಡಿಗೆ ನಮ್ಮ ಬಸ್ಸುಗಳಿಗಿಂತ ಬೇಗ ಬಂದಿತ್ತು. ನಾನು ತರಗತಿಗೆ ಹೋದಾಗ ಹಲಗೆಯ ಮೇಲೆ ದೊಡ್ಡದೊಂದು ವೃತ್ತ, ಅದರ ಮೇಲೆ ಎರಡು ಚಿಕ್ಕ ವೃತ್ತ. ಅಂದಿನ ಪಾಠ ಪಂಪಭಾರತದ ಕರ್ಣನದು. “ಪಾಠದ ಹೆಸರನ್ನು ಚಿತ್ರದಲ್ಲಿಯೇ ಬರೆದಿದ್ದೀರಿ, ಸಂತೋಷ,” ಎಂದು ಕುಳಿತೆ. ಕರ್ಣ ಎಂದರೆ ಕಿವಿ ಎಂಬುದು ಹಿಂದಿನ ಬೆಂಚಿಗೆ ಹೊಳೆಯಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ಇಡೀ ತರಗತಿ ನಕ್ಕಿತು. ಆ ಗಂಟೆಯಲ್ಲಿ ಹುಡುಗರು ಕೇಳಿದಷ್ಟು ಲಕ್ಷ್ಯದಿಂದ ಪಂಪನನ್ನು ಹಿಂದೆಂದೂ ಕೇಳಿರಲಿಲ್ಲ.

ಡಿಸೆಂಬರಿನಲ್ಲಿ ಅವ್ವನ ವರ್ಷಾಂತಿಕ ಮಾಡಿದೆವು. ಕಾಕಾ ಬಂದು ಹೋಳಿಗೆ ಉಂಡು, ಜಪಾನಿನಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲವೆಂಬುದು ನಿಜವೇ ಎಂದು ವಿಚಾರಿಸಿದರು.

2025ರ ಫೆಬ್ರವರಿಯಲ್ಲಿ ಭಾರತ ಹುಣ್ಣಿಮೆ ಬಂದಿತು. ಚಿಂಚಲಿಯಲ್ಲಿ ಅದೇ ಹಳದಿ, ಅದೇ ಬಂಡಿಗಳ ಸಾಲು. ದರ್ಶನವಾದ ಮೇಲೆ ನಾನು ನೆಟ್ಟಗೆ ತೊಟ್ಟಿಲಿನ ಕಡೆ ನಡೆದೆ. ಕಬ್ಬಿನ ಹಾಲಿನ ಗಾಡಿಯ ಬಳಿ ಹುಡುಗರಿದ್ದರು; ಅವರು ಅಲ್ಲಿ ಇರದೆ ಇರುವ ವರ್ಷವೇ ಇಲ್ಲವೆಂದು ಕಾಣುತ್ತದೆ.

“ಸರ್ ಕುಂಡ್ರಾಕ ಹತ್ಯಾರೋ!” ಎಂದು ಒಬ್ಬನು ಕೂಗಿದ.

ಕಬ್ಬಿಣದ ಸರಳೊಂದನ್ನು ನಮ್ಮ ಮುಂದೆ ಅಡ್ಡ ಹಾಕಿದರು. ಅದು ಎಷ್ಟು ಭದ್ರವೆಂದು ನಾನು ಕೇಳುವಷ್ಟರಲ್ಲಿ ತೊಟ್ಟಿಲು ಎತ್ತಿತು. ಅಳ್ಳಾಡಿತು, ಬರಿಯ ಅಳ್ಳಾಟವಲ್ಲ, ಕಿರುಗುಟ್ಟಿತು, ಜೋಲಿ ಹೊಡೆಯಿತು. ತುದಿಯಿಂದ ಕಬ್ಬಿನ ಹೊಲಗಳು, ಗುಡಿಯ ಶಿಖರ, ಇರುವೆಗಳಂಥ ಬಂಡಿಗಳು ಒಮ್ಮೆ ಕಂಡವು, ಇಳಿಜಾರಿನಲ್ಲಿ ಹೊಟ್ಟೆ ಬಾಯಿಗೆ ಬಂದು ನಾನು “ಯವ್ವಾ!” ಎಂದು ಚೀರಿದೆ. ಕೆಳಗಿನಿಂದ ಹುಡುಗರ ಸಿಳ್ಳು. ಪಕ್ಕದಲ್ಲಿ ನನ್ನಾಕೆ ಎರಡೂ ಕೈ ಬಿಟ್ಟು, ಸೆರಗು ಗಾಳಿಗೆ ಹಾರಿ, ನೀರು ಬರುವಷ್ಟು ನಗುತ್ತಿದ್ದಳು.

ತೊಟ್ಟಿಲು ನಿಂತಿತು. ಸರಳು ತೆಗೆದರು. ನಾನು ಇಳಿಯಲೆಂದು ಕಾಲು ಚಾಚಿದೆ. ಆಕೆ ಕದಲಲಿಲ್ಲ.

“ಇದು ನನ್ನದಾತು,” ಎಂದಳು. “ಇನ್ನೊಂದ ಸುತ್ತ ಅತ್ತಿಯವರದು.”

ನಾನು ಕಾಲು ಒಳಗೆ ತೆಗೆದುಕೊಂಡು ಜೇಬಿಗೆ ಕೈ ಹಾಕಿದೆ.