ಕಾರಿನ ನೆತ್ತಿಯ ಮೇಲೆ ತೊಟ್ಟಿಲು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಬಳಿ ಕಾರ್ ಸ್ಟ್ರೀಟ್ ಅಂತ ಒಂದು ಬೀದಿಯಿದೆ. ಆ ಹೆಸರಿಗೂ ಮೋಟಾರು ಕಾರಿಗೂ ಸಂಬಂಧವಿಲ್ಲ. ದೇವರ ತೇರಿಗೆ ಇಂಗ್ಲಿಷಿನವರು ‘ಕಾರ್’ ಅಂದರು, ತೇರಿನ ಬೀದಿ ಕಾರ್ ಸ್ಟ್ರೀಟ್ ಆಯಿತು. ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಲ್ಲೇ ಹತ್ತಿರದ ನಮ್ಮ ಮನೆಯ ಮುಂದಿನಿಂದ ಮೋಟಾರು ಕಾರೇ ತೇರಿನ ಹಾಗೆ ಹೊರಟಿತು. ನೆತ್ತಿಯ ಮೇಲೆ ತೊಟ್ಟಿಲು. ಒಳಗೆ ನಾನು, ನನ್ನ ಅಳಿಯ, ಹತ್ತು ವರ್ಷದ ಮೊಮ್ಮಗಳು ಪುಟ್ಟಿ. ಹೋಗಬೇಕಾದದ್ದು ಕೃಷ್ಣರಾಜಪುರಕ್ಕೆ. ಹತ್ತು ಹನ್ನೆರಡು ಕಿಲೋಮೀಟರ್ ಇರಬಹುದು. ಮೆಟ್ರೋದಲ್ಲಾದರೆ ಪತ್ರಿಕೆ ಓದಿ ಮುಗಿಸುವುದರೊಳಗೆ ತಲುಪುತ್ತಿದ್ದೆವು. ನಮಗೆ ಹಿಡಿದದ್ದು ಎರಡು ಗಂಟೆ.

ಆ ತೊಟ್ಟಿಲು ನನ್ನ ಅಮ್ಮನ ತವರಿನಿಂದ ಬಂದದ್ದು. ತೇಗದ ಮರ, ನಾಲ್ಕು ಮೂಲೆಗೂ ಗಿಳಿ ಕೆತ್ತಿದ್ದಾರೆ. ಒಂದು ಗಿಳಿಯ ಕೊಕ್ಕು ಮುರಿದವನು ನಾನೇ ಅಂತೆ. ನಾನು, ನನ್ನ ಇಬ್ಬರು ತಂಗಿಯರು, ಆಮೇಲೆ ನನ್ನ ಮಗಳು, ಪುಟ್ಟಿ, ಎಲ್ಲರೂ ಅದರಲ್ಲಿ ಮಲಗಿದವರೇ. ಈಗ ಪುಟ್ಟಿಯ ತಮ್ಮನ ಸರದಿ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಿದ್ದಳು. ತಾಯಿ, ಮಗು, ಅಜ್ಜಿ ಮೂವರೂ ಸಂಜೆ ಬೇರೆ ಕಾರಿನಲ್ಲಿ ಬರುವುದು, ಅಷ್ಟರೊಳಗೆ ತೊಟ್ಟಿಲು ಅಲ್ಲಿ ಸಿದ್ಧವಾಗಿರಬೇಕು ಅಂತ ಏರ್ಪಾಟು. ಡಿಕ್ಕಿಯಲ್ಲಿ ಇಟ್ಟು ನೋಡಿದೆವು, ಹಿಡಿಸಲಿಲ್ಲ. “ಸೈಕಲ್ ಒಯ್ಯೋಕೆ ಹಾಕಿಸಿದ ಕ್ಯಾರಿಯರ್ ಇದೆಯಲ್ಲ ಮಾವ, ಮೇಲೆ ಕಟ್ಟಿದರಾಯಿತು” ಅಂದರು ಅಳಿಯ.

ನಾನು ತಕ್ಷಣ ಹೂಂ ಅನ್ನಲಿಲ್ಲ. ಕಾರಣ ಹಳೆಯದು. 1983ರಲ್ಲಿ ಕೋಲಾರಕ್ಕೆ ವರ್ಗವಾದಾಗ ಸ್ನೇಹಿತರೊಬ್ಬರ ಅಂಬಾಸಡರ್ ಕಾರಿನ ಮೇಲೆ ಟ್ರಂಕು, ಹೋಲ್ಡಾಲು, ಅದರ ಮೇಲೊಂದು ಹತ್ತಿ ಹಾಸಿಗೆಯ ಸುರುಳಿ ಹೇರಿಕೊಂಡು ಇದೇ ಹಳೆ ಮದ್ರಾಸ್ ರಸ್ತೆಯಲ್ಲಿ ಹೊರಟಿದ್ದೆ. ಆ ಕಾಲದ ಕಾರುಗಳಿಗೆ ಮಾಡಿನ ಸುತ್ತ ಮಳೆನೀರು ಹರಿಯಲು ತಗಡಿನ ಅಂಚು ಇರುತ್ತಿತ್ತು. ಕ್ಯಾರಿಯರಿನ ಕಾಲುಗಳನ್ನು ಆ ಅಂಚಿಗೆ ಕಚ್ಚಿಸಿ ತಿರುಪು ಬಿಗಿಯುವುದು. ಕತ್ತದ ಹಗ್ಗ ಹಾಕಿ ಸಾಮಾನು ಕಟ್ಟಿದವನು ನಾನೇ. ಐ.ಟಿ.ಐ. ಕಾರ್ಖಾನೆ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು, ವೇಗ ಏರಿತು. ಸೈಕಲಿನಲ್ಲಿ ಹಾಲಿನ ಕ್ಯಾನು ತೂಗುಹಾಕಿಕೊಂಡು ಹೋಗುತ್ತಿದ್ದವರೊಬ್ಬರನ್ನು ದಾಟಿದೆವು. ಮರುಕ್ಷಣ ಹಿಂದೆ ಏನೋ ಬಿದ್ದ ಸದ್ದು, ಕೂಗು. ತಿರುಗಿ ನೋಡಿದರೆ ನಮ್ಮ ಹಾಸಿಗೆ ರಸ್ತೆಯ ನಡುವೆ, ಅದರ ಪಕ್ಕದಲ್ಲಿ ಸೈಕಲ್ ಸಮೇತ ಆ ಹಾಲಿನವರು.

ಎರಡು ಕ್ಯಾನಿನ ಹಾಲು ಡಾಂಬರಿನ ಮೇಲೆ ಹರಿಯುತ್ತಿತ್ತು. ಮೊಣಕಾಲು ತರಚಿದ್ದು ಬಿಟ್ಟರೆ ಅವರಿಗೆ ಹೆಚ್ಚೇನೂ ಆಗಿರಲಿಲ್ಲ. ಹಿಂದೆ ಲಾರಿ ಇರಲಿಲ್ಲ ಅನ್ನುವುದೊಂದೇ ನಮ್ಮ ಪುಣ್ಯ. ಹಾಲಿನ ದುಡ್ಡು ಕೊಟ್ಟೆ. ಅವರು ಎಣಿಸಿ, ಹೆಚ್ಚಿಗೆ ಬಂದ ನಾಲ್ಕು ರೂಪಾಯಿ ವಾಪಸು ಕೊಟ್ಟು, “ಒಂದು ಸಲ ಇಳಿದು ಹಗ್ಗ ಮುಟ್ಟಿ ನೋಡೋಕೆ ಏನಾಗಿತ್ತು ಸ್ವಾಮಿ?” ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಹಗ್ಗ ಹರಿದಿರಲಿಲ್ಲ, ಗಂಟೂ ಬಿಚ್ಚಿರಲಿಲ್ಲ. ದಾರಿಯ ಕುಲುಕಾಟಕ್ಕೆ ಹತ್ತಿ ಕುಗ್ಗಿತ್ತು ಅಷ್ಟೆ. ಹಾಸಿಗೆ ಸಣ್ಣದಾಯಿತು, ಹಗ್ಗದ ಉದ್ದ ಇದ್ದಷ್ಟೇ ಇತ್ತು.

ಹಾಗಾಗಿ ಈ ಸಲ ಕಟ್ಟುವ ವಿಚಾರದಲ್ಲಿ ಜಿಪುಣತನ ಬೇಡವೆಂದು ಹಿಂದಿನ ದಿನವೇ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಣ್ಣಿನ ಸಾಲು, ಸೇಂಟ್ ಮೇರೀಸ್ ಬೆಸಿಲಿಕಾದ ಗೋಪುರ ದಾಟಿ ಗುಜರಿ ಅಂಗಡಿಗಳ ಗಲ್ಲಿ ಹೊಕ್ಕರೆ ಅದೇ ಬೇರೆ ಲೋಕ. ಇಡೀ ಕಾರು ಅಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಒಂದು ಅಂಗಡಿಯಲ್ಲಿ ಹಳೆಯ ಕಾರುಗಳ ಡ್ಯಾಶ್‌ಬೋರ್ಡುಗಳನ್ನು ಗೋಡೆಗೆ ಒರಗಿಸಿದ್ದರು. ಒಂದರ ವೇಗದ ಮುಳ್ಳು ಇನ್ನೂ 60ರ ಮೇಲೆ ನಿಂತಿತ್ತು. ಆ ಗಾಡಿ ಎಲ್ಲಿ ನಿಂತಿತೋ ಅಂತ ಯೋಚನೆ ಬಂತು.

ನಾನು ಕೈಗೆತ್ತಿಕೊಂಡದ್ದು ಎರಡು ತುದಿಗೂ ಕೊಕ್ಕೆ ಇರುವ ರಬ್ಬರ್ ಹಗ್ಗ. ಅಂಗಡಿಯ ಹಿರಿಯರು ಏನು ಕಟ್ಟಬೇಕು ಅಂತ ಕೇಳಿದರು. ತೊಟ್ಟಿಲು ಅಂದೆ. ರಬ್ಬರ್ ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಎಸೆದರು. “ಅದು ಟಿಫನ್ ಡಬ್ಬಿಗೆ ಸಾರ್. ಗಾಳಿ ಎಳೆದಷ್ಟೂ ಉದ್ದ ಆಗ್ತದೆ.” ಕೊಟ್ಟದ್ದು ಲಾರಿಯವರು ಬಳಸುವ ಅಗಲವಾದ ನೇಯ್ದ ಬೆಲ್ಟು, ಕಟಕಟ ಅಂತ ಬಿಗಿಯುವ ಹಲ್ಲುಚಕ್ರದ ಹಿಡಿಯಿರುವಂಥದ್ದು. ಜೊತೆಗೊಂದು ಕಿವಿಮಾತನ್ನೂ ಹೇಳಿದರು: ಬೆಲ್ಟನ್ನು ಚಪ್ಪಟೆಯಾಗಿ ಎಳೆಯದೆ ನಡುವೆ ಒಂದು ತಿರುವು ಕೊಡಬೇಕು, ಇಲ್ಲದಿದ್ದರೆ ಗಾಳಿಗೆ ಪಟಪಟ ಬಡಿದು ದಾರಿಯುದ್ದಕ್ಕೂ ಹಾಡುತ್ತದೆ. ಈ ಮಾತು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರಲಿಲ್ಲ.

ಪುಸ್ತಕವನ್ನು ರಾತ್ರಿ ಕೂತು ಓದಿದೆ. ಅಳಿಯ ಅದನ್ನು ಪ್ಲಾಸ್ಟಿಕ್ ಹೊದಿಕೆಯಿಂದ ತೆಗೆದೇ ಇರಲಿಲ್ಲ! ಆ ಕಾರಿನ ಮಾಡು ಹೊರಬಹುದಾದದ್ದು 50 ಕಿಲೋ, ಅದೂ ಕ್ಯಾರಿಯರಿನ ತೂಕ ಸೇರಿ. ಒಂದೊಂದು ಕಾರಿಗೆ ಒಂದೊಂದು ಲೆಕ್ಕ. ಕೆಲವು ಕಾರುಗಳ ಮಾಡಿನ ಮೇಲಿನ ಬೆಳ್ಳಿಬಣ್ಣದ ಕಂಬಿಗಳು ಬರೀ ಅಲಂಕಾರಕ್ಕೆ, ಭಾರ ಹೊರುವುದಿಲ್ಲ. ಒಬ್ಬ ಮನುಷ್ಯ ಹತ್ತಿ ನಿಂತರೂ ತಗಡು ಬಗ್ಗದೇ ಇರಬಹುದಲ್ಲ, 50 ಯಾಕೆ ಅಂತ ಪುಟ್ಟಿ ಕೇಳಿದಳು. ನಿಂತ ಕಾರಿನ ಲೆಕ್ಕ ಬೇರೆ, ಓಡುವ ಕಾರಿನದು ಬೇರೆ. ತಲೆಯ ಮೇಲೆ ಕೊಡ ಹೊತ್ತವರು ಓಡುವುದಿಲ್ಲ, ಗಕ್ಕನೆ ತಿರುಗುವುದಿಲ್ಲ. ಕಾರೂ ಹಾಗೆಯೇ. ನೆತ್ತಿಯ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ವಾಲುತ್ತದೆ. ಬಚ್ಚಲಮನೆಯ ಪಕ್ಕದ ತಕ್ಕಡಿಯ ಮೇಲೆ ತೊಟ್ಟಿಲು ನಿಲ್ಲಿಸಿದೆವು: 22 ಕಿಲೋ. ಕ್ಯಾರಿಯರಿಗೆ ಆರು ಹಿಡಿದರೂ 28. ಲೆಕ್ಕ ಸರಿಹೋಯಿತು.

ಸರಿಹೋಗದೆ ಉಳಿದದ್ದು ನನ್ನ ಹೆಂಡತಿಯ ಲೆಕ್ಕ. ಬರೀ ತೊಟ್ಟಿಲು ತೂಗಬಾರದು, ಶಾಸ್ತ್ರಕ್ಕೆ ಅದರಲ್ಲಿ ಗುಂಡುಕಲ್ಲು ಮಲಗಿಸಿ ಕಳಿಸೋಣ ಅಂದಳು. ನಾಮಕರಣದಲ್ಲಿ ಮಗುವಿಗಿಂತ ಮುಂಚೆ ತೊಟ್ಟಿಲಲ್ಲಿ ಮಲಗುವುದು ಗುಂಡುಕಲ್ಲೇ ತಾನೆ? ಆದರೆ ಬ್ರೇಕ್ ಹಿಡಿದಾಗ ಮಾಡಿನ ಮೇಲಿನ ಕಲ್ಲು ಮುಂದಿನವರ ಗಾಜಿಗೆ ಹೋಗುತ್ತದೆ ಅಂದೆ. ಕೊನೆಗೆ ಕಲ್ಲು ಡಿಕ್ಕಿಗೆ ಹೋಯಿತು, ಹಳೆಯ ಸೀರೆಯಲ್ಲಿ ಸುತ್ತಿ, ಉರುಳದಂತೆ ಚೀಲಗಳ ನಡುವೆ. ತೊಟ್ಟಿಲನ್ನು ಬೋರಲು ಹಾಕುವುದಕ್ಕೂ ಅವಳಿಗೆ ಮನಸ್ಸಿರಲಿಲ್ಲ. ಬಾಯಿ ಮೇಲಾದರೆ ಅದು ಗಾಳಿ ತುಂಬಿಕೊಳ್ಳುವ ಬುಟ್ಟಿ. ವೇಗ 40ರಿಂದ 80ಕ್ಕೆ ಏರಿದರೆ ಗಾಳಿಯ ತಳ್ಳು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ, “ಹಾಗಾದರೆ ಒಂದೇ ಮಾತು. ದಾರೀಲಿ ಅದು ತೂಗಬಾರದು” ಅಂದಳು. ನನ್ನ ಹಾಲಿನವರು ಹೇಳಿದ್ದೂ ಅದೇ ತಾನೆ.

ಬೆಳಿಗ್ಗೆ ಕ್ಯಾರಿಯರಿನ ಪಟ್ಟಿಗಳ ಮೇಲೆ ಮಡಿಸಿದ ಎರಡು ಜಮಖಾನ ಹಾಸಿ, ತೊಟ್ಟಿಲನ್ನು ಬೋರಲಿಟ್ಟು, ಅಡ್ಡಲಾಗಿ ಎರಡು ಬೆಲ್ಟು ಬಿಗಿದೆವು. ಅಡ್ಡ ಕಟ್ಟಿದ್ದು ಮೇಲೇಳದಂತೆ ತಡೆಯುತ್ತದೆ, ಬ್ರೇಕ್ ಹಿಡಿದಾಗ ಮುಂದೆ ಜಾರುವುದನ್ನು ತಡೆಯುವುದಿಲ್ಲ. ಅದಕ್ಕೆ ಮುಂದಕ್ಕೊಂದು, ಹಿಂದಕ್ಕೊಂದು ಹಗ್ಗ. ಸರಪಳಿ, ಕೊಕ್ಕೆಗಳೆಲ್ಲ ಡಿಕ್ಕಿಗೆ. ನೆಲದಿಂದ ತುದಿಯವರೆಗೆ ಟೇಪು ಹಿಡಿದರೆ 2 ಮೀಟರ್ 22 ಸೆಂಟಿಮೀಟರ್. ಹಲಸೂರಿನ ಗಲ್ಲಿಗಳಲ್ಲಿ ಟಿವಿ ಕೇಬಲುಗಳು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತಾಡುತ್ತವೆ, ಅದಕ್ಕೆ ಅಳತೆ ಬೇಕಿತ್ತು. ಪುಟ್ಟಿ ಸ್ಕೆಚ್ ಪೆನ್ನಿನಲ್ಲಿ ‘2.22’ ಅಂತ ದಪ್ಪಗೆ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿದಳು.

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಹತ್ತಿ, ಒಂದೊಂದಾಗಿ ಆರಿದವು. ಎಲ್ಲವೂ ಕೆಟ್ಟಿದೆಯಾ ಅಂತ ಪುಟ್ಟಿಗೆ ಗಾಬರಿ. ಅದು ಹಾಜರಿ ಕರೆಯುವುದು ಅಂದೆ. ‘ಇದ್ದೇನೆ ಸಾರ್’ ಅಂತ ಪ್ರತಿ ದೀಪವೂ ಹೇಳಿ ಕೂತುಕೊಳ್ಳುತ್ತದೆ. ಕೂತುಕೊಳ್ಳದೆ ನಿಂತೇ ಇದ್ದರೆ ಅದಕ್ಕೇನೋ ಹೇಳುವುದಿದೆ. ಕೆಂಪು ಅಂದರೆ ಸುರಕ್ಷಿತವಾದ ಕಡೆ ಈಗಲೇ ನಿಲ್ಲಿಸು. ಹಳದಿ ಅಂದರೆ ಬೇಗ ನೋಡು. ಹಸಿರು, ನೀಲಿ ಬರೀ ಸಮಾಚಾರ: ಹೆಡ್‌ಲೈಟು ಎತ್ತರಕ್ಕೆ ಬಿಟ್ಟಿದ್ದೀಯ, ಎದುರಿನವನ ಕಣ್ಣು ಕುಕ್ಕುತ್ತಿದೆ ಅಂತ ನೀಲಿ ಹೇಳುತ್ತದೆ. ನಮ್ಮೂರಲ್ಲಿ ಈ ಸಮಾಚಾರ ಓದುವವರು ಕಡಿಮೆ. ಎಂಜಿನ್ ಆಯಿಲಿನ ಕೆಂಪು ಗುರುತು ನೋಡಲು ನಮ್ಮ ತುಪ್ಪದ ಗಿಂಡಿಯಂತೆಯೇ ಇದೆ. ಈ ಚಿತ್ರಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಪಟ್ಟಿಯಿದೆ, ಹಾಗಾಗಿ ಜಪಾನಿನ ಕಾರಿನಲ್ಲೂ ಗಿಂಡಿಯೇ, ಜರ್ಮನಿಯದರಲ್ಲೂ ಗಿಂಡಿಯೇ. ಭಾಷೆ ಬೇಕಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಅವಳಿಗೆ ಇನ್ನೊಂದು ತೋರಿಸಿದೆ. ಪೆಟ್ರೋಲಿನ ಮುಳ್ಳಿನ ಪಕ್ಕದ ಪಂಪಿನ ಚಿತ್ರಕ್ಕೆ ಅಂಟಿಕೊಂಡು ಒಂದು ಪುಟ್ಟ ಬಾಣವಿರುತ್ತದೆ. ಟ್ಯಾಂಕಿನ ಮುಚ್ಚಳ ಯಾವ ಮಗ್ಗುಲಿಗೆ ಅಂತ ಅದು ಹೇಳುತ್ತದೆ. 1986ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯ ಜಿಮ್ ಮಾಯ್ಲನ್ ಎಂಬವರು ಮಳೆಯಲ್ಲಿ ಕಾರನ್ನು ತಪ್ಪು ಮಗ್ಗುಲಿಗೆ ನಿಲ್ಲಿಸಿ, ನೆನೆದು, ಕಚೇರಿಗೆ ಹೋದವರೇ ಈ ಬಾಣದ ಸಲಹೆ ಬರೆದು ಕೊಟ್ಟರಂತೆ. ನಾಲ್ಕು ವರ್ಷದಿಂದ ಕಾರು ಓಡಿಸುತ್ತಿದ್ದ ಅಳಿಯ ಬಗ್ಗಿ ನೋಡಿದರು, ಏನೂ ಹೇಳಲಿಲ್ಲ.

ಇಂದಿರಾನಗರದ ಒಳರಸ್ತೆಗಳಲ್ಲಿ ನೆರಳು ಹಿತ, ಆದರೆ ಕೊಂಬೆಗಳು ತಗ್ಗು. ಹಾಗಾಗಿ ಹಳೆ ಮದ್ರಾಸ್ ರಸ್ತೆಯನ್ನೇ ಹಿಡಿದೆವು. ಸ್ವಾಮಿ ವಿವೇಕಾನಂದ ರಸ್ತೆ ನಿಲ್ದಾಣದ ಹತ್ತಿರ ಮೆಟ್ರೋ ಮೇಲೆ ಹೋಯಿತು. ಬೆಂಗಳೂರಿನ ಮೊದಲ ಮೆಟ್ರೋ 2011ರ ಅಕ್ಟೋಬರ್ 20ರಂದು ಓಡಿದ್ದು ಇಲ್ಲೇ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ನಾನೂ ಸರದಿಯಲ್ಲಿ ನಿಂತು ಸುಮ್ಮನೆ ಹೋಗಿಬಂದಿದ್ದೆ. ಈಗ ಸಿಗ್ನಲಿನಲ್ಲಿ ನಿಂತಾಗ ಪಕ್ಕದ ಆಟೋದವರು ಇಣುಕಿ, “ಕೂಸು ಎಲ್ಲಿ ಸಾರ್?” ಅಂತ ಕೇಳಿದರು.

ಟಿನ್ ಫ್ಯಾಕ್ಟರಿಯ ಹತ್ತಿರ ವಾಹನಗಳು ಎಂದಿನಂತೆ ಹೆಪ್ಪುಗಟ್ಟಿದ್ದವು. ಅಲ್ಲಿ ಹಳದಿ ದೀಪವೊಂದು ಹತ್ತಿತು: ಬಾಯಿ ತೆರೆದ ಪಾತ್ರೆಯೊಳಗೆ ಆಶ್ಚರ್ಯಸೂಚಕ ಚಿಹ್ನೆ. ಯಾವುದೋ ಚಕ್ರದಲ್ಲಿ ಗಾಳಿ ಕಡಿಮೆ ಅಂತ ಅರ್ಥ. “ಸೆನ್ಸರ್ ಇರಬೇಕು ಮಾವ, ಮೊನ್ನೆಯೂ ಬಂದು ಹೋಯಿತು” ಅಂದರು ಅಳಿಯ. “ಹಳದಿ ಅಂದ್ರೆ ಬೇಗ ನೋಡು ಅಂತ ಅಪ್ಪ” ಅಂತ ಹಿಂದಿನಿಂದ ದನಿ ಬಂತು. ತೂಗುಸೇತುವೆಯ ಮೇಲೆ ನಿಲ್ಲಿಸುವಂತಿಲ್ಲ. ತಂತಿಗಳ ನಡುವೆ ಮೆಲ್ಲಗೆ ಸಾಗಿದೆವು. ಈ ಸೇತುವೆ ಬಂದದ್ದು 2003ರಲ್ಲಿ. ಕೆಳಗೆ ರೈಲು, ಪಕ್ಕದಲ್ಲಿ ಮೆಟ್ರೋ. ಆ ಎತ್ತರದಲ್ಲಿ ಗಾಳಿ ಜೋರು, ಮೇಲೆ ಏನೋ ಸಣ್ಣಗೆ ಕಟಕಟ ಅಂದಂತಾಯಿತು. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಲಾ ಅಂದರು ಅಳಿಯ. ಆ ಕೆಂಪು ತ್ರಿಕೋನದ ಗುಂಡಿ ನಿಂತ ಗಾಡಿಗೆ. ಓಡುವಾಗ ಹಾಕಿದರೆ ಯಾವ ಕಡೆ ತಿರುಗುತ್ತೇವೆ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ. ಸೇತುವೆ ಇಳಿದು, ಐ.ಟಿ.ಐ. ಕಡೆಗೆ ಒಂದು ಪಂಕ್ಚರ್ ಅಂಗಡಿ ಕಂಡ ಮೇಲೆ, ಎಡಕ್ಕೆ ನಿಲ್ಲಿಸಿ ಹಾಕಿದರು.

ಹಿಂದಿನ ಎಡಚಕ್ರದಲ್ಲಿ ಒಂದು ಅಂಗುಲದ ಮೊಳೆ ಇತ್ತು. ಹುಡುಗ ಅದನ್ನು ಕೀಳುತ್ತಿರುವಾಗ ನಾನು ಕೈ ಎತ್ತಿ ಬೆಲ್ಟು ಮುಟ್ಟಿದೆ. ಮನೆಯ ಮುಂದೆ ಮೀಟಿದರೆ ತಂಬೂರಿಯ ಹಾಗೆ ಮಿಡಿಯುತ್ತಿದ್ದದ್ದು ಈಗ ಎರಡು ಬೆರಳು ತೂರುವಷ್ಟು ಸಡಿಲ. ತೊಟ್ಟಿಲಿನ ಒಂದು ಮೂಲೆ ಅಲುಗಾಡುತ್ತಿತ್ತು. ಬೆಲ್ಟು ಚೆನ್ನಾಗಿಯೇ ಇತ್ತು, ಕುಗ್ಗಿದ್ದು ಕೆಳಗೆ ಹಾಸಿದ್ದ ಜಮಖಾನ. ನಲವತ್ತು ವರ್ಷ ಕಳೆದು, ಅದೇ ರಸ್ತೆ, ಅದೇ ತಪ್ಪು. ಚಕ್ರದ ಗಾಳಿಗೆ ದೀಪವಿದೆ, ಎಣ್ಣೆಗೆ, ಬಾಗಿಲಿಗೆ, ಸೀಟ್ ಬೆಲ್ಟಿಗೆ ಎಲ್ಲಕ್ಕೂ ದೀಪವಿದೆ. ನೆತ್ತಿಯ ಮೇಲೆ ಕಟ್ಟಿದ್ದಕ್ಕೆ ಯಾವ ಕಾರಿನಲ್ಲೂ ನಾನು ದೀಪ ಕಂಡಿಲ್ಲ. ಹೊರಟ ಎರಡು ಮೂರು ಕಿಲೋಮೀಟರಿಗೇ ಇಳಿದು ಮುಟ್ಟಬೇಕೆಂದು ನಾನೇ ಅಂದುಕೊಂಡಿದ್ದೆ. ಮಾತಿನಲ್ಲಿ ಮರೆತಿದ್ದೆ. ಜಮಖಾನ ಕಿತ್ತು, ಪಂಕ್ಚರ್ ಅಂಗಡಿಯಲ್ಲಿ ಹಳೆ ಟ್ಯೂಬಿನ ನಾಲ್ಕು ತುಂಡು ಬೇಡಿ ಮಡಿಸದೆ ಹಾಸಿ, ಮತ್ತೆ ಕಟಕಟ ಬಿಗಿದೆ. ಹಾಲಿನವರು ಬಿದ್ದ ಜಾಗ ಯಾವುದು ಅಂತ ಸುತ್ತ ಹುಡುಕಿದೆ. ಗುರುತು ಹಿಡಿಯಲು ಒಂದು ಮರವೂ ಸಿಗಲಿಲ್ಲ.

ಆಮೇಲೆ ಅಳಿಯ 40ರ ಮೇಲೆ ಹೋಗಲಿಲ್ಲ. ಅಪಾರ್ಟ್‌ಮೆಂಟ್ ಬಂದಾಗ ಎಲ್ಲರಿಗೂ ನಿರಾಳ. ದಿನದ ಅಭ್ಯಾಸದಂತೆ ಅವರು ನೆಲಮಾಳಿಗೆಯ ಪಾರ್ಕಿಂಗಿಗೆ ಕಾರು ತಿರುಗಿಸಿದರು. “ಅಪ್ಪಾ! ಎರಡು ಪಾಯಿಂಟ್ ಎರಡು ಎರಡು!” ಅಂತ ಪುಟ್ಟಿ ಕಿರುಚಿದಳು. ಬ್ರೇಕ್ ಬಿತ್ತು. ಮುಂದಿನ ಚಕ್ರಗಳು ಇಳಿಜಾರಿನಲ್ಲಿ, ನಮ್ಮ ಮುಂದೆ ಅಡ್ಡಕಂಬಿ, ಅದರ ಮೇಲೆ ಹಳದಿ ಅಕ್ಷರದಲ್ಲಿ ‘2.1 ಮೀ’. ತೊಟ್ಟಿಲಿಗೂ ಕಂಬಿಗೂ ಒಂದು ಮೊಳ ಅಂತರವಿತ್ತು. ಮುಂದಕ್ಕೆ ಕಟ್ಟಿದ ಹಗ್ಗ ಅದನ್ನು ಜಾರಗೊಡಲಿಲ್ಲ. ಕಾವಲಿನವರು ಸೀಟಿ ಊದುತ್ತಾ ಓಡಿ ಬಂದು, ಹಿಂದಿದ್ದ ಗಾಡಿಗಳನ್ನು ಸರಿಸಿ ಕೊಟ್ಟರು. ತೊಟ್ಟಿಲನ್ನು ಬೀದಿಯಲ್ಲೇ ಇಳಿಸಿ ಲಿಫ್ಟಿನಲ್ಲಿ ನಿಲ್ಲಿಸಿಕೊಂಡು ಹೋದೆವು.

ಸಂಜೆ ನನ್ನ ಹೆಂಡತಿ ಬಾಗಿಲಲ್ಲೇ ಕೇಳಿದಳು, “ದಾರೀಲಿ ತೂಗಿತಾ?” ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ, “ಸ್ವಲ್ಪ ಅಜ್ಜಿ, ಐ.ಟಿ.ಐ. ಹತ್ತಿರ” ಅಂದಳು. ಅವಳು ನನ್ನನ್ನೊಮ್ಮೆ ನೋಡಿದಳು. ಡಿಕ್ಕಿಯಿಂದ ತಂದ ಗುಂಡುಕಲ್ಲನ್ನು ಸೀರೆಯ ತುಂಡಿನ ಸಮೇತ ತೊಟ್ಟಿಲಲ್ಲಿ ಮಲಗಿಸಿ ಮೂರು ಸಲ ತೂಗಿ, ಎತ್ತಿ ಪಕ್ಕಕ್ಕಿಟ್ಟು, ಕೂಸಿಗೆ ಕೈಚಾಚಿದಳು.