ಪಂಕ್ ಬೀಟು, ಹಲಗಿ ಮತ್ತು ನಿಲ್ಲಿಸೋ ಹಕ್ಕು

1/7

ಡ್ರಮ್ ಕಲಿಯಾಕ ಡ್ರಮ್ ಸೆಟ್ ಬೇಕು ಅಂತ ಯಾರ್ ಹೇಳಿದ್ರು ನಿಮಗ?

ಈ ಫೋಟೋದಾಗ ಕಾಣೋದೇ ನನ್ನ ಸೆಟ್. ಎಡಕ್ಕೆ ಹಲಗೆ ಮ್ಯಾಲೆ ಮೊಳೆ ಹೊಡೆದು ಕೂರಿಸಿದ ಟ್ರ್ಯಾಕ್ಟರ್ ಟ್ಯೂಬಿನ ತುಂಡು. ಅದು ಹೈ-ಹ್ಯಾಟ್. ಎರಡು ಮೊಣಕಾಲಿನ ನಡುವೆ ಬೋರಲು ಹಾಕಿದ ಪೇಂಟ್ ಡಬ್ಬಿ. ಅದು ಸ್ನೇರ್. ಬಲಗಾಲಿನ ಮುಂದೆ ನೆಲ್ಲಿನ ಹೊಟ್ಟು ಬಿಗಿಯಾಗಿ ತುಂಬಿದ ಗೊಬ್ಬರದ ಚೀಲ. ಅದು ಕಿಕ್. ಇಷ್ಟರಾಗ ದುಡ್ಡು ಕೊಟ್ಟು ತಂದದ್ದು ಎರಡು ಕೋಲು ಮಾತ್ರ. ಅಂಗಡ್ಯಾಗ '5ಎ' ಅಂತ ಕೇಳ್ರಿ, ಹೊಸಬರ ಕೈಗೆ ಆ ದಪ್ಪ ಸರಿ ಹೊಂದತೈತಿ.

ಹೊಸದಾಗಿ ಬಂದವರಿಗೆ: ನಮ್ಮದು ಸಿಂಧನೂರು ತಾಲ್ಲೂಕಿನ ಜವಳಗೇರಾ. ಎಡದಂಡೆ ಕಾಲುವೆ ನೀರು, ನೆಲ್ಲಿನ ಗದ್ದೆ, ಬೀಜ ಬೆಳೆಯೋ ದೊಡ್ಡ ಸರ್ಕಾರಿ ಫಾರಂ. ನನಗೆ ಡ್ರಮ್ ಕಲಿಸಿದ್ದು ಫೋನು.

ಹೋದ ವಾರದ ವಿಡಿಯೋ ನೋಡಿ ನೀವು ಕೇಳಿದ್ದು ಎರಡೇ ಪ್ರಶ್ನೆ. ಒಂದು, ಪಂಕ್ ಬೀಟ್ ಶುರುವಿನಿಂದ ಹೆಂಗ ಕಲಿಯೋದು? ಎರಡು, ಹಲಗಿ ಬಾರಿಸೋ ಮನ್ಯಾಗ ಹುಟ್ಟಿದವನಿಗೆ ಈ ಪಂಕ್ ಯಾಕ ಬೇಕಾತು? ಎರಡಕ್ಕೂ ಉತ್ತರ ಬರಿತೀನಿ. ಮೊದಲನೇದು ಸುಲಭ ಐತಿ, ಅದರಿಂದಲೇ ಶುರು ಮಾಡೋಣು.

2/7

ಪಂಕ್ ಅಂದ್ರ ಏನು ಅಂತ ಒಂದೇ ಉದಾಹರಣೆ ಸಾಕು.

ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್ ಅನ್ನೋ ಬಡಾವಣೆಯ ಹುಡುಗರು 1974ರಲ್ಲಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು ರಮೋನ್ಸ್. ಅವರ ಮೊದಲ ಆಲ್ಬಮ್ 1976ರಲ್ಲಿ ಬಂತು. ಒಟ್ಟು 14 ಹಾಡು. ಹದಿನಾಲ್ಕೂ ಸೇರಿ ಅರ್ಧ ತಾಸು ಆಗಂಗಿಲ್ಲ. ಉದ್ದುದ್ದ ಗಿಟಾರ್ ಸೋಲೋ, ಹತ್ತು ನಿಮಿಷದ ಹಾಡು ದೊಡ್ಡದು ಅಂತ ನಂಬಿದ್ದ ಕಾಲದಾಗ ಇವರು ಎರಡು ನಿಮಿಷದಾಗ ಹೇಳೋದು ಹೇಳಿ ಮುಗಿಸಿದರು.

ನಮಗೆ ಬೇಕಾದವನು ಆ ಬ್ಯಾಂಡಿನ ಡ್ರಮ್ಮರ್ ಟಾಮಿ ರಮೋನ್. 1949ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಹುಟ್ಟಿದವನು. ಬ್ಯಾಂಡ್ ಶುರುವಾದಾಗ ಅವನು ಡ್ರಮ್ಮರ್ ಆಗಿರಲಿಲ್ಲ, ಬ್ಯಾಂಡಿನ ಹೊರಗಿನ ಕೆಲಸ ನೋಡಿಕೊಳ್ಳುವವನಾಗಿದ್ದ. ಡ್ರಮ್ಮರ್ ಬೇಕು ಅಂತ ಕರೆದು ನೋಡಿದರು. ಬಂದವರೆಲ್ಲ ತಮಗೆ ಗೊತ್ತಿದ್ದ ಕಸರತ್ತು ತೋರಿಸಿದರು. ಈ ಹಾಡುಗಳಿಗೆ ಬೇಕಾದ ನೇರ, ಸರಳ ಹೊಡೆತ ಯಾರಿಗೂ ಹಿಡಿಸಲಿಲ್ಲ. ಕೊನೆಗೆ ಟಾಮಿಯೇ ಕೂತು ಬಾರಿಸಿ ತೋರಿಸಿದ, ಹಂಗೇ ಅಲ್ಲೇ ಉಳಿದ.

ನೆನಪಿಡ್ರಿ, ಪಂಕ್ ಡ್ರಮ್ಮಿನ ದೊಡ್ಡ ಹೆಸರುಗಳಲ್ಲಿ ಒಬ್ಬ ಆ ಕುರ್ಚಿಯಲ್ಲಿ ಕೂತಾಗ ನಿಮ್ಮಂಗ ನನ್ನಂಗ ಹೊಸಬನೇ.

3/7

ಈಗ ಮೊದಲ ಬೀಟ್. ಬಾಯಲ್ಲಿ ಎಣಿಸ್ರಿ, ಜೋರಾಗಿ:

ಒಂದು-ಮತ್-ಎರಡು-ಮತ್-ಮೂರು-ಮತ್-ನಾಕು-ಮತ್

ಬಲಗೈ, ಹೈ-ಹ್ಯಾಟ್: ಎಂಟೂ ಕಡೆ, 'ಚಿಕ್'.
ಬಲಗಾಲು, ಕಿಕ್: ಒಂದು ಮತ್ತು ಮೂರರ ಮ್ಯಾಲೆ, 'ಧುಂ'.
ಎಡಗೈ, ಸ್ನೇರ್: ಎರಡು ಮತ್ತು ನಾಕರ ಮ್ಯಾಲೆ, 'ಟಕ್'.

ಇಷ್ಟೇ. ರಾಕ್ ಸಂಗೀತದ ಅರ್ಧ ಮನೆ ಈ ಪಾಯದ ಮ್ಯಾಲೆ ನಿಂತೈತಿ.

ಮೂರನ್ನೂ ಒಟ್ಟಿಗೆ ಹಿಡಿಯಾಕ ಹೋಗಬ್ಯಾಡ್ರಿ. ಮೊದಲು ಬಲಗೈ ಒಂದೇ, ಎರಡು ನಿಮಿಷ. ಆಮೇಲೆ ಕಾಲು ಸೇರಿಸ್ರಿ, ಎರಡು ನಿಮಿಷ. ಕಾಲು ಬಿಟ್ಟು ಎಡಗೈ ಸೇರಿಸ್ರಿ, ಎರಡು ನಿಮಿಷ. ಕಡೀಕ ಮೂರೂ. ಎಡಗೈ ಹೊಡೆಯುವಾಗ ಬಲಗೈ ತಡವರಿಸತೈತಿ, ಎಲ್ಲರಿಗೂ ಹಂಗೇ. ಆಗ ಬಾಯಿ ಎಣಿಕೆ ಬಿಡಬ್ಯಾಡ್ರಿ. ಕೈ ತಪ್ಪಿದರೂ ಬಾಯಿ ನಡೀತಿದ್ರ ಕೈ ತಾನಾಗೇ ವಾಪಸ್ ಬರತೈತಿ.

ಟ್ಯೂಬಿನ ತುಂಡು ಎಡಕ್ಕೇ ಯಾಕ ಅಂತ ಕೇಳಿದ್ರಿ. ನಿಜವಾದ ಸೆಟ್ಟಿನಲ್ಲಿ ಹೈ-ಹ್ಯಾಟ್ ಎಡಗಡೆ ಇರತೈತಿ. ಬಲಗೈ ಎಡಗೈ ಮ್ಯಾಲೆ ಹಾದು ಹೋಗಿ ಹೊಡಿಬೇಕು. ಈಗಿಂದಲೇ ಹಂಗ ರೂಢಿಯಾದ್ರ ಮುಂದೆ ತ್ರಾಸಾಗಂಗಿಲ್ಲ.

ಎರಡನೇ ಬೀಟ್ ಇನ್ನೂ ಸರಳ, ಆದ್ರ ಓಟ ಜಾಸ್ತಿ. ಪ್ರತಿ ಅಂಕಿಗೂ ಕಿಕ್, ಪ್ರತಿ 'ಮತ್'ಗೂ ಸ್ನೇರ್. ಧುಂ-ಟಕ್-ಧುಂ-ಟಕ್. ಯುರೋಪಿನ ಪೋಲ್ಕಾ ಕುಣಿತದ ತಾಳವೂ ಹೆಚ್ಚುಕಮ್ಮಿ ಇದೇ. ಪಂಕ್ ಮಂದಿ ಅದನ್ನ ಓಡಿಸಿದರು.

4/7

ವೇಗದ ಮಾತು. ಎಲ್ಲರಿಗೂ ಅವಸರ ಇರೋದು ಇಲ್ಲೇ.

ಫೋನಿಗೆ ಮೆಟ್ರೊನೋಮ್ ಆ್ಯಪ್ ಹಾಕಿಕೊಳ್ರಿ, ಪುಕ್ಕಟೆ ಸಿಗತಾವ. ನಿಮಿಷಕ್ಕೆ 80ರಿಂದ ಶುರು. ಆ ವೇಗದಲ್ಲಿ ಎರಡು ನಿಮಿಷ ಒಂದೂ ತಪ್ಪದಂಗ ಬಾರಿಸಿದ ಮ್ಯಾಲೆ 85. ಹಂಗೇ ಐದೈದು ಏರಿಸ್ಕೋತ ಹೋಗ್ರಿ.

ಒಂದು ಲೆಕ್ಕ ಹೇಳ್ತೀನಿ. ಪಂಕ್ ಹಾಡು 180ರ ವೇಗದಲ್ಲಿ ಇರೋದು ಸಾಮಾನ್ಯ. ಅಂದ್ರ ಬಲಗೈ ಸೆಕೆಂಡಿಗೆ 6 ಸಲ ಬೀಳಬೇಕು. ಎರಡು ನಿಮಿಷದ ಹಾಡಿಗೆ 720 ಸಲ. ಇದು ತೋಳಿನ ಶಕ್ತಿಯಿಂದ ಆಗೋ ಕೆಲಸ ಅಲ್ಲ. ಕೋಲನ್ನ ಗಟ್ಟಿ ಹಿಡಿದ್ರ ಅರ್ಧ ನಿಮಿಷಕ್ಕೆ ಮುಂಗೈ ಉರಿತೈತಿ. ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಸಡಿಲಾಗಿ ಹಿಡಿದು, ಬಿದ್ದ ಕೋಲನ್ನ ತಾನೇ ಪುಟಿಯಾಕ ಬಿಡ್ರಿ. ಟ್ಯೂಬ್ ರಬ್ಬರ್ ಇಟ್ಟದ್ದು ಅದಕ್ಕೇ, ಪುಟಿತೈತಿ. ಕೈ ನೋವಾದ್ರ ನಿಲ್ಲಿಸ್ರಿ. ನೋವು ನುಂಗಿ ಬಾರಿಸೋದು ಶೂರತನ ಅಲ್ಲ.

ನಿಜವಾದ ಸೆಟ್ ಮುಂದೆ ಕೂರೋ ದಿನ ಕಿವಿಗೆ ಫೋಮಿನ ಇಯರ್‌ಪ್ಲಗ್ ಹಾಕ್ರಿ. ಅರಳೆ ಸಾಲಂಗಿಲ್ಲ. ಹೋದ ಕಿವಿ ವಾಪಸ್ ಬರಂಗಿಲ್ಲ.

ಇನ್ನೊಂದು ಅಭ್ಯಾಸ ಐತಿ, ಬಾಳ ಮಂದಿ ಮಾಡಂಗಿಲ್ಲ. ನಿಲ್ಲಿಸೋದು. ಪಂಕ್ ಹಾಡು ನಿಧಾನಕ್ಕೆ ಆರಿಹೋಗೋದು ಕಡಿಮೆ, ಕತ್ತರಿಸಿದಂಗ ನಿಂತುಬಿಡತೈತಿ. ಎಂಟು ಸುತ್ತು ಬಾರಿಸ್ರಿ, ಒಂಬತ್ತನೇ ಸುತ್ತಿನ 'ಒಂದು'ಕ್ಕೆ ಕಿಕ್ ಮತ್ತು ಸ್ನೇರ್ ಒಟ್ಟಿಗೆ ಹೊಡೆದು ನಿಲ್ಲಿಸ್ರಿ. ಕೈ ಗಾಳಿಯಾಗ ನಿಲ್ಲಬೇಕು. ಓಡೋ ಕೈಯನ್ನ ನಿಲ್ಲಿಸೋದು ಓಡಿಸೋದಕ್ಕಿಂತ ಕಷ್ಟ.

ಈ ನಿಲ್ಲಿಸೋ ಮಾತಿನಿಂದಲೇ ನಿಮ್ಮ ಎರಡನೇ ಪ್ರಶ್ನೆಗೆ ಹೋಗೋಣು.

5/7

ಹಲಗಿ ನಿಮಗೆಲ್ಲ ಗೊತ್ತು. ದುಂಡನೆ ಕಟ್ಟು, ಅದಕ್ಕೆ ಬಿಗಿದ ಚರ್ಮ. ಹೆಗಲಿಗೆ ಇಳಿಬಿಟ್ಟು ಎದೆಗೆ ಒತ್ತಿ ಹಿಡಿಯೋದು. ಒಂದು ಕೈಯಾಗ ಗಿಡ್ಡ ದಪ್ಪ ಕೋಲು, ಇನ್ನೊಂದರಾಗ ತೆಳ್ಳನ ಬಿದಿರ ಕಡ್ಡಿ. ಬಾರಿಸೋಕೆ ಮುಂಚೆ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಬೇಕು, ಆಗಲೇ ದನಿ ಏಳೋದು. ನಮ್ಮ ಕಡೆ ಮೊಹರಂ ಬಂದ್ರ ಅಲಾಯಿ ಕುಣಿ ಸುತ್ತ ಜಾತಿ ಧರ್ಮ ನೋಡದ ಹೆಜ್ಜೆ ಹಾಕ್ತಾರ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಾಕಂತೂ ಎಲ್ಲೆಲ್ಲಿಂದಲೋ ಮಂದಿ ಬರ್ತಾರ. ಆ ಹೆಜ್ಜೆಯನ್ನ ಎತ್ತೋದು ಹಲಗಿ.

ಹೆಜ್ಜೆ ಎಲ್ಲರದೂ ಹೌದು. ಕೋಲು ಯಾರ ಕೈಯಾಗ?

ನನ್ನ ತಾತ ಹಲಗಿ ಬಾರಿಸ್ತಿದ್ದ. ಅವನಿಗೆ ಕಲಿಯಬೇಕು ಅನಿಸಿ ಕಲಿತದ್ದಲ್ಲ. ಹುಟ್ಟಿದ ಕೇರಿ ಅದು, ಅಷ್ಟೇ. ಜಾತ್ರೆಗೆ ಬಾರಿಸಬೇಕು, ಡಂಗುರಕ್ಕೆ ಬಾರಿಸಬೇಕು, ದೊಡ್ಡವರ ಮನ್ಯಾಗ ಯಾರರ ಸತ್ರ ಹೆಣದ ಮುಂದೆ ಬಾರಿಸಬೇಕು. ಕೂಲಿ ಅಂದ್ರ ಸುಗ್ಗಿಯಾಗ ಕಣದಲ್ಲಿ ಕೊಡೋ ಒಂದಿಷ್ಟು ಜೋಳ. ಆ ಊರಿನ ಹೆಸರು ಬರಿಯಂಗಿಲ್ಲ, ಯಾಕಂದ್ರ ಅದು ಒಂದೇ ಊರಿನ ಕಥಿ ಅಲ್ಲ.

ಅಪ್ಪ ಒಮ್ಮೆ ಹೇಳಿದ ಮಾತು: "ನಿಮ್ ತಾತಗ ಜ್ವರ ಇತ್ತು. ಕರಿಯಾಕ ಬಂದ್ರು. ಹೋದ. ಹೆಣ ಮಣ್ಣಾಗೋತನ ಕೋಲು ಇಳಸಂಗಿಲ್ಲ. ಮುಂಜಾನಿಂದ ಸಂಜೀತನ ಬಾರಿಸಿದ."

ಅಪ್ಪ ದೊಡ್ಡವನಾದ ಮ್ಯಾಲೆ ಆ ಹಲಗಿಯನ್ನ ಅಟ್ಟಕ್ಕೆ ಎತ್ತಿಟ್ಟ. ಕರೆದರು, ಹೋಗಲಿಲ್ಲ. ಜೋಳ ನಿಂತಿತು. ಆ ಮ್ಯಾಲೆ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ನಮ್ಮನ್ನ ಓದಿಸಿದ. ಆ ಹಲಗಿ ಇವತ್ತಿಗೂ ಅಟ್ಟದ ಮ್ಯಾಲೆ ಐತಿ. ನಾನು ಇಳಿಸಿಲ್ಲ. ಅಪ್ಪ 'ಒಲ್ಲೆ' ಅಂದು ಇಟ್ಟದ್ದನ್ನ ನಾನು ಕಲೆ ಅಂತ ಹೇಳಿ ಇಳಿಸೋದು ಹೆಂಗ? ಅವನು ಕೇಳಿದ ದಿನ ಇಳಿಸ್ತೀನಿ.

6/7

ಅಪ್ಪನಂಗ ಕೋಲು ಕೆಳಗಿಟ್ಟವರು ಒಬ್ಬಿಬ್ಬರಲ್ಲ. 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ, ರಮೋನ್ಸರ ಮೊದಲ ಆಲ್ಬಮ್ಮಿಗಿಂತ ಒಂದು ವರ್ಷ ಮುಂಚೆ. ಅದೇ ಚಳವಳಿಯ ಹಾಡಿನ ತಂಡಗಳು ತಮಟೆ ಹಿಡಿದು ಊರೂರು ತಿರುಗಿದವು. ನೋಡ್ರಿ, ಒಂದು ಕಡೆ ಕೋಲು ಕೆಳಗಿಟ್ಟರು, ಇನ್ನೊಂದು ಕಡೆ ಅದೇ ಕೋಲನ್ನ ಎತ್ತಿದರು. ಎರಡೂ ಒಂದೇ ಮಾತು: ಯಾವಾಗ, ಯಾರಿಗಾಗಿ ಬಾರಿಸಬೇಕು ಅನ್ನೋದು ನಾವು ಹೇಳೋದು.

2018ರ ಜನವರಿಯಲ್ಲಿ ಚೆನ್ನೈನಲ್ಲಿ 'ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಬ್ಯಾಂಡ್ ಮೊದಲ ಸಲ ವೇದಿಕೆ ಹತ್ತಿತು. ಅದರ ಹಿಂದೆ ನಿರ್ದೇಶಕ ಪ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಇದ್ದರು. ಗಾನಾ ಹಾಡು, ರ‍್ಯಾಪ್, ಗಿಟಾರ್, ಜೊತೆಗೆ ಸಾವಿನ ವಾದ್ಯ ಅಂತ ದೂರ ಇಟ್ಟಿದ್ದ ಪರೈ. ಪರೈ ನಮ್ಮ ಹಲಗಿಯ ಅಕ್ಕ ಇದ್ದಂಗ. ಫೋನಿನಲ್ಲಿ ಆ ವಿಡಿಯೋ ನೋಡಿದಾಗಲೇ ನನಗೆ ಡ್ರಮ್ ಸೆಟ್ಟಿನ ಹುಚ್ಚು ಹಿಡಿದದ್ದು. ಅಲ್ಲಿಂದ ಹುಡುಕ್ಕೋತ ಹೋಗಿ ಪಂಕಿಗೆ ಬಂದು ನಿಂತೆ.

ಡಬ್ಬಿ ಬಾರಿಸಾಕ ಶುರು ಮಾಡಿದ ವಾರ ಅಪ್ಪ ಗಿರಣಿಯಿಂದ ಬಂದು ಬಾಗಿಲಾಗ ನಿಂತ.

"ಏನದು?"

"ಹಲಗಿ ಅಲ್ಲಪ್ಪ ಇದು."

"ಕೋಲು ಹಿಡದಿಯಲ್ಲ. ಯಾರಿಗೆ ಬಾರಸ್ತಿ?"

"ಯಾರಿಗೂ ಇಲ್ಲ. ನನಗ."

"ಕರದ್ರ ಹೋಗಬೇಕೇನು?"

"ಇಲ್ಲ."

"ಬ್ಯಾಡ ಅನಿಸಿದ್ರ?"

"ಬಿಡತೀನಿ."

ಅಪ್ಪ ಮತ್ತೇನೂ ಅನಲಿಲ್ಲ. ಒಳಗೆ ಹೋಗುವಾಗ, "ಆ ಡಬ್ಬಿ ಬಿಸಲಾಗ ಇಡಬ್ಯಾಡ, ಸೀಳತೈತಿ" ಅಂದ.

ನಿಮ್ಮ ಪ್ರಶ್ನೆಗೆ ಉತ್ತರ ಆ ನಾಕು ಮಾತಿನಾಗೇ ಐತಿ. 'ಯಾರ್ ಬೇಕಾದ್ರೂ ಬಾರಿಸಬಹುದು' ಅನ್ನೋದು ಪಂಕಿನ ನಂಬಿಕೆ. ಬಾಳ ಛಲೋ ಮಾತು. ಆದ್ರ ಅದು ಅರ್ಧ. ನಮ್ಮ ನೆಲದಾಗ ಅದಕ್ಕೆ ಇನ್ನೊಂದು ಅರ್ಧ ಸೇರಿಸಬೇಕು: ಯಾರ್ ಬೇಕಾದ್ರೂ 'ಒಲ್ಲೆ' ಅನಬಹುದು. ತಾತಗ ತಾಳ ಇತ್ತು, ಕೈ ಇತ್ತು, ನನಗಿಂತ ನೂರು ಪಾಲು ಜಾಸ್ತಿ ಇತ್ತು. ನಿಲ್ಲಿಸೋ ಹಕ್ಕು ಇರಲಿಲ್ಲ. ನನ್ನ ಹತ್ರ ಇರೋದು ಪೇಂಟ್ ಡಬ್ಬಿ, ಆದ್ರ ಎರಡು ನಿಮಿಷಕ್ಕೆ ನಿಲ್ಲಿಸಬಲ್ಲೆ.

ಇವತ್ತು ಮನಸಾರೆ ಹಲಗಿ ಹಿಡಿದು ವೇದಿಕೆ ಮ್ಯಾಲೆ ಬಾರಿಸೋ ಕಲಾವಿದರಿಗೆ ಕೈ ಮುಗಿತೀನಿ. ಅದು ಅವರು ಆರಿಸಿಕೊಂಡ ದಾರಿ. ಪಂಕ್ ನಾನು ಆರಿಸಿಕೊಂಡದ್ದು.

7/7

ಕೊನೆಗೆ ಇನ್ನೊಂದು ಬೀಟ್ ಕೊಟ್ಟು ಮುಗಿಸ್ತೀನಿ. ಇದರ ಹೆಸರು ಡಿ-ಬೀಟ್. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಊರಿನ 'ಡಿಸ್ಚಾರ್ಜ್' ಬ್ಯಾಂಡಿನಿಂದ ಬಂದ ಹೆಸರು, 'ಡಿ' ಅಂದ್ರ ಅವರೇ. 80ರ ದಶಕದ ಶುರುವಿನಾಗ ಯುದ್ಧದ ವಿರುದ್ಧ ಹಾಡಿದವರು.

ಅದೇ ಎಂಟು ಎಣಿಕೆ:

ಒಂದು: ಧುಂ
ಮತ್: ಖಾಲಿ
ಎರಡು: ಟಕ್
ಮತ್: ಧುಂ
ಮೂರು: ಖಾಲಿ
ಮತ್: ಧುಂ
ನಾಕು: ಟಕ್
ಮತ್: ಖಾಲಿ

ಬಲಗೈ ಸದ್ಯಕ್ಕೆ ಬ್ಯಾಡ. ಕಾಲು ಮತ್ತು ಎಡಗೈ ಮಾತ್ರ, ನಿಮಿಷಕ್ಕೆ 60ರ ವೇಗದಲ್ಲಿ. ಮೊದಲು ಬಾಯಲ್ಲಿ ಹೇಳಿ ನೋಡ್ರಿ: 'ಧುಂ, ಟಕ್-ಧುಂ, ಧುಂ-ಟಕ್'. ಮೂರರ ಮ್ಯಾಲೆ ಧುಂ ಹೊಡಿಬೇಕು ಅಂತ ಕಾಲು ಜಗಳ ತೆಗಿತೈತಿ. ಹೊಡಿಬ್ಯಾಡ್ರಿ. ಅಲ್ಲಿ ಏನೂ ಇಲ್ಲದ್ದಕ್ಕೇ ಮುಂದಿನ ಧುಂ ಮುಗ್ಗರಿಸಿ ಮುಂದಕ್ಕೆ ದೂಡಿದಂಗ ಕೇಳಸತೈತಿ. ಇದರ ಓಟ ಇರೋದೇ ಆ ಖಾಲಿ ಜಾಗದಾಗ.

ಈ ವಾರದ ಕೆಲಸ: ದಿನಕ್ಕೆ 15 ನಿಮಿಷ. 5 ನಿಮಿಷ ಮೊದಲ ಬೀಟ್, 5 ನಿಮಿಷ ಡಿ-ಬೀಟ್, 5 ನಿಮಿಷ ನಿಲ್ಲಿಸೋ ಅಭ್ಯಾಸ. ಒಂದು ದಿನ ತಪ್ಪಿದ್ರ ಮರುದಿನ ಅರ್ಧ ತಾಸು ಬಾರಿಸಿ ಬಡ್ಡಿ ತೀರಿಸಾಕ ಹೋಗಬ್ಯಾಡ್ರಿ, ಮತ್ತೆ 15 ನಿಮಿಷವೇ.

ಡಬ್ಬಿ, ಬಕೀಟು, ಹಳೇ ದಿಂಬು, ನಿಮ್ಮ ಸೆಟ್ ಏನೇ ಇರಲಿ, ಫೋಟೋ ಕಳಿಸ್ರಿ. ಸ್ಟೋರಿಗೆ ಹಾಕ್ತೀನಿ. ಮನ್ಯಾಗ ಯಾರಾದ್ರೂ ಬ್ಯಾಡ ಅಂದ್ರ ಯಾಕ ಬ್ಯಾಡ ಅಂತ ಮೊದಲು ಕೂತು ಕೇಳ್ರಿ. ಆ ಉತ್ತರದಾಗ ನಿಮಗೆ ಗೊತ್ತಿಲ್ಲದ ಒಂದು ಕಥಿ ಇರಬಹುದು.

ಮುಂದಿನ ಸರಣಿ ಫಿಲ್ ಬಗ್ಗೆ. ಅಲ್ಲಿತನ 80 ದಾಟಬ್ಯಾಡ್ರಿ.

#ಜವಳಗೇರಾ #ಸಿಂಧನೂರು #ಪಂಕ್ #ಡ್ರಮ್_ಕಲಿಕೆ #ಹಲಗಿ #ಡಿಬೀಟ್ #ನಮ್ಮ_ರಾಯಚೂರು